ಲಿಫ್ಟಕ್ಕ ಮಾಡಿಸಿದ ಬೇಸ್ ಗಿಟಾರ್

ಊರಿನ ಎತ್ತರದ ಕಟ್ಟಡಗಳಲ್ಲಿ ಅರ್ಧಕ್ಕರ್ಧ ಜನ ಅವಳನ್ನು ಲಿಫ್ಟಕ್ಕ ಎಂದೇ ಕರೆಯುತ್ತಿದ್ದರು. ಲಿಫ್ಟ್ ರಿಪೇರಿ ಅವಳ ಇಪ್ಪತ್ತೆರಡು ವರ್ಷದ ಕಸುಬು. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರಿಗೆ ಬಾಗಿಲ ಸಂದಿಯಿಂದ ಮೊದಲು ಕೇಳಿಸುತ್ತಿದ್ದುದು ಅವಳ ದನಿ: "ಗಾಬರಿ ಆಗ್ಬೇಡಿ, ಆರಾಮಾಗಿ ಕೂತ್ಕೊಳ್ಳಿ. ಹತ್ತು ನಿಮಿಷದ ಕೆಲಸ." ಹತ್ತು ನಿಮಿಷವೆಂದರೆ ಹತ್ತೇ ನಿಮಿಷ.

ಸಂಗೀತದ ಗಂಧ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಹಳೆಯ ಕಟ್ಟಡವೊಂದರ ಲಿಫ್ಟ್ ಸರಿಮಾಡಲು ಹೋದಾಗ ನೆಲಮಾಳಿಗೆಯಲ್ಲಿ ಮೂವರು ಹಾಡಿನ ಅಭ್ಯಾಸ ಮಾಡುತ್ತಿದ್ದರು. ಡ್ರಮ್ಸ್ ಬಾರಿಸುತ್ತಿದ್ದವನು ಆ ಬೀದಿಯ ಬೇಕರಿಯವನು. ಅವರ ಬೇಸ್ ಗಿಟಾರಿನವನು ಬೇರೆ ಕೆಲಸ ಸಿಕ್ಕಿ ಊರು ಬಿಟ್ಟಿದ್ದ. ಗಿಟಾರ್ ಮಾತ್ರ ಗೋಡೆಗೊರಗಿ ನಿಂತಿತ್ತು.

"ಅಕ್ಕ, ನಿಮ್ ಕೆಲಸ ಮುಗೀತಲ್ಲ. ನಾನು ತಲೆ ಆಡಿಸಿದಾಗೆಲ್ಲ ಈ ದಪ್ಪ ತಂತೀನ ಒಂದ್ಸಲ ಮೀಟ್ತೀರಾ?" ಎಂದು ಬೇಕರಿಯವನು ತಮಾಷೆಗೆ ಕೇಳಿದ.

ಅವಳು ಮೀಟಿದಳು. ಆ ಸದ್ದು ಕಿವಿಗಿಂತ ಮೊದಲು ಪಾದಕ್ಕೆ ತಾಕಿತು. ಲಿಫ್ಟಿನ ಮೋಟಾರು ಕೋಣೆಯಲ್ಲಿ ನಿಂತಾಗ ನೆಲ ಗುನುಗುತ್ತದಲ್ಲ, ಹಾಗೆ. ಅಂದು ಮೂರು ಹಾಡಿಗೆಂದು ಉಳಿದವಳು ಹದಿನೇಳು ವರ್ಷ ಉಳಿದಳು. ಶನಿವಾರ ಮಧ್ಯಾಹ್ನ ಅಭ್ಯಾಸ, ತಿಂಗಳಿಗೊಂದೆರಡು ಸಲ ಯಾವುದಾದರೂ ಸಭಾಂಗಣದಲ್ಲೋ ಹೋಟೆಲಿನಲ್ಲೋ ಕಾರ್ಯಕ್ರಮ. ಅವಳಿಲ್ಲದ ದಿನ ಹಾಡು ನೆಲ ಬಿಟ್ಟು ತೇಲಿದಂತೆ ಕೇಳಿಸುತ್ತದೆ ಎಂದು ಜೊತೆಯವರೇ ಹೇಳುತ್ತಿದ್ದರು.

ನಲವತ್ತೇಳನೆಯ ವಯಸ್ಸಿನಲ್ಲಿ ಎಡಗೈಗೆ ಏಟು ಬಿತ್ತು. ಹಳೆಯ ಲಿಫ್ಟ್ ಬಾಗಿಲಿನ ಸ್ಪ್ರಿಂಗ್ ಒಂದು ಕಿತ್ತು ಬಂತು. ಉಂಗುರ ಬೆರಳಿನ ತುದಿಯ ಗೆಣ್ಣು ಹೋಯಿತು, ಕಿರುಬೆರಳು ಪೂರ್ತಿ ಮಡಚದಂತಾಯಿತು. ಎರಡು ತಿಂಗಳಲ್ಲಿ ಅವಳು ಕೆಲಸಕ್ಕೇನೋ ಮರಳಿದಳು. ಸ್ಪ್ಯಾನರ್ ಹಿಡಿಯಲು ಉಳಿದ ಬೆರಳುಗಳು ಸಾಕಾಗಿದ್ದವು. ಆದರೆ ಬೇಸಿನ ಕೊರಳು ಉದ್ದ. ಅದರ ಮೇಲೆ ಎಡಗೈ ಬೆರಳುಗಳನ್ನು ಅಗಲಿಸಿ ತಂತಿ ಒತ್ತಬೇಕು, ಅಲ್ಲಿಗೆ ಅವು ಎಟುಕಲಿಲ್ಲ. ವಾದ್ಯದ ಅಂಗಡಿಯವನು ಮಕ್ಕಳಿಗೆಂದು ಮಾಡಿದ ಗಿಡ್ಡ ಬೇಸ್ ತೆಗೆದುಕೊಟ್ಟ. ಮೀಟಿದರೆ ಖಾಲಿ ಡಬ್ಬ ತಟ್ಟಿದ ಸದ್ದು ಬಂತು. ಅದನ್ನು ಅಲ್ಲೇ ಇಟ್ಟು ಬಂದಳು.

ಅವಳ ಗಂಡನದು ಕನ್ನಡಕದ ಅಂಗಡಿ. ಊಟಕ್ಕೆ ಕೂತಾಗ ಅವನು, "ಒಬ್ಬೊಬ್ಬರ ಕಣ್ಣಿಗೂ ಅಳತೆ ನೋಡಿ ಗಾಜು ಹಾಕ್ಕೊಡ್ತೀನಿ ನಾನು. ನಿನ್ ಕೈ ಅಳತೆಗೆ ಗಿಟಾರ್ ಮಾಡೋರು ಯಾರೂ ಇಲ್ವಾ?" ಎಂದ.

"ಇದಾರೆ ರೀ. ನಾಳೆ ಹೋಗ್ತಿದೀನಿ," ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ವಿಳಾಸ ಆಗಲೇ ಅವಳ ಜೇಬಿನಲ್ಲಿತ್ತು.

ಗಿಟಾರ್ ಮೇಸ್ತ್ರಿಯ ಕಾರ್ಖಾನೆ ಎಂದರೆ ಸೈಕಲ್ ಅಂಗಡಿಯ ಮೇಲಿನ ಒಂದೇ ಒಂದು ಉದ್ದನೆಯ ಕೋಣೆ. ಒಂದು ಗೋಡೆಗೆ ಮರದ ಹಲಗೆಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೇಲೂ ಅದು ಒಣಗಲು ಬಂದ ತಾರೀಖು ಸೀಮೆಸುಣ್ಣದಲ್ಲಿ ಬರೆದಿತ್ತು. ಕಿಟಕಿಯ ಕೆಳಗೆ ಉಳಿ, ಅರ, ಕೀಸುಳಿಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿದುಬಂದಿದ್ದವು. ಮೇಸ್ತ್ರಿಗೆ ಅರವತ್ತರ ಹತ್ತಿರ. ಮೊದಲು ಕುರ್ಚಿ ಮಾಡುತ್ತಿದ್ದವರು, ಹದಿನೈದು ವರ್ಷದಿಂದ ಒಬ್ಬರೇ ಕೂತು ಗಿಟಾರ್ ಮಾಡುತ್ತಿದ್ದರು. ವರ್ಷಕ್ಕೆ ಆರು, ಏಳನೆಯದಕ್ಕೆ ಕೈಮುಗಿಯುತ್ತಿದ್ದರು.

"ಯಾವ ಮರ, ಯಾವ ಬಣ್ಣ ಅನ್ನೋದೆಲ್ಲ ಆಮೇಲೆ. ಮೊದ್ಲು ನುಡಿಸಿ," ಎಂದರು.

ತಂದಿದ್ದ ಹಳೆಯ ಬೇಸ್ ಮಡಿಲಿಗಿಟ್ಟುಕೊಂಡು ಅವಳು ಆದಷ್ಟು ನುಡಿಸಿದಳು. ಮೇಸ್ತ್ರಿ ಕಿವಿಗೊಟ್ಟಂತೆ ಕಾಣಲಿಲ್ಲ, ಎಡಗೈಯನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ದಾರ ತಂದು ಬೆರಳಿಂದ ಬೆರಳಿಗೆ ಅಳೆದು, ಮರದ ಚೂರೊಂದರ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಂಡರು.

"ನಿಮ್ಗೆ ಮೂರು ತಂತಿ ಸಾಕು."

"ನಾಲ್ಕು ಬೇಕು."

"ಕೈ ನೋಡಿ ಹೇಳ್ತಿದೀನಮ್ಮಾ. ಮೂರಾದ್ರೆ ಕೊರಳು ಸಪೂರ ಆಗತ್ತೆ, ಒತ್ತೋದೂ ಸುಲಭ."

"ಮೇಸ್ತ್ರಿ, ಲಿಫ್ಟು ಎಂಟನೇ ಮಹಡಿಗೆ ಹೋಗ್ತಿಲ್ಲ ಅಂತ ಯಾರಾದ್ರೂ ಕರೆದ್ರೆ, ಏಳರ ತನಕ ಸಾಕು, ಮೇಲಕ್ಕೆ ಮೆಟ್ಟಿಲು ಹತ್ಕೊಳ್ಳಿ ಅಂತ ಹೇಳಿ ನಾನು ವಾಪಸ್ ಬರಲ್ಲ."

ಮೇಸ್ತ್ರಿ ಮೂಗಿನಲ್ಲೇ ನಕ್ಕರು. "ಹಾಗಾದ್ರೆ ಉದ್ದ ಮೂರು ಇಂಚು ಕಮ್ಮಿ ಮಾಡ್ಬೇಕಾಗತ್ತೆ. ಗಿಡ್ಡ ಆದ್ರೆ ದಪ್ಪ ತಂತಿ ಸಡಿಲ ಬೀಳತ್ತೆ. ಅಂಗಡೀಲಿ ಡಬ್ಬದ ಸದ್ದು ಬಂತು ಅಂದ್ರಲ್ಲ, ಅದಕ್ಕೇ."

"ಇನ್ನೂ ದಪ್ಪದ ತಂತಿ ಹಾಕಿ. ದಪ್ಪ ಜಾಸ್ತಿ ಆದ್ರೆ ಅದೇ ಸ್ವರಕ್ಕೆ ಇನ್ನಷ್ಟು ಬಿಗೀಬೇಕಾಗತ್ತೆ. ಸಡಿಲ ಹೋಗತ್ತೆ."

"ಇದನ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಲಿಫ್ಟ್ ತೂಗುಹಾಕೋ ಉಕ್ಕಿನ ಹಗ್ಗ ದಿನಾ ಬಿಗಿಮಾಡ್ತೀನಲ್ಲ."

ಮೇಸ್ತ್ರಿ ಮತ್ತೆ ಪೆನ್ಸಿಲ್ ಕೈಗೆತ್ತಿಕೊಂಡರು. ಗೀಚಿದ್ದ ಮೂರನ್ನು ಅಳಿಸಿ ನಾಲ್ಕು ಎಂದು ಬರೆದದ್ದನ್ನು ಅವಳು ನೋಡಿದಳು. ಗಿಟಾರ್ ಆರು ತಿಂಗಳಿಗೆ ಸಿದ್ಧವಾಗಬೇಕೆಂದು ಮಾತಾಯಿತು.

ಹತ್ತು ದಿನ ಬಿಟ್ಟು ಮೇಸ್ತ್ರಿ ಅವಳಿಗೆ ಮೂರು ಕೊರಳುಗಳನ್ನು ಕೊಟ್ಟರು. ಪ್ಲೈವುಡ್ಡಿನಲ್ಲಿ ಮಾಡಿದ ಮಾದರಿಗಳು. ಒಂದು ದುಂಡಗೆ, ಒಂದು ಚಪ್ಪಟೆ, ಒಂದು ನಡುವಿನದು. "ಮನೇಲಿಟ್ಕೊಂಡು ಹಿಡೀತಿರಿ. ಕೈಗೆ ಯಾವ್ದು ಒಗ್ಗತ್ತೋ ಹೇಳಿ," ಎಂದರು. ಅವಳು ಬಸ್ಸಿನಲ್ಲಿ, ಮೋಟಾರು ಕೋಣೆಯಲ್ಲಿ, ಅಡುಗೆಮನೆಯ ಕಟ್ಟೆಯ ಮುಂದೆ ಒಂದೊಂದನ್ನೇ ಹಿಡಿದು ಬೆರಳಾಡಿಸಿದಳು. ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು.

ಅವಳ ಅತ್ತೆಗೆ ಎಪ್ಪತ್ತೆಂಟು. ಮೂವತ್ತು ವರ್ಷ ಚರ್ಮದ ಕೈಗವಸು ಹೊಲಿದ ಕೈ ಅವರದು. ದುಂಡಗಿನ ಮಾದರಿಯಿಂದ ಬೆನ್ನು ತುರಿಸಿಕೊಳ್ಳುತ್ತ, "ಇದು ನಂಗಿರ್ಲಿ, ಚೆನ್ನಾಗಿದೆ," ಎಂದು ಮೊದಲ ದಿನವೇ ಒಂದನ್ನು ತಮ್ಮ ಪಾಲಿಗೆ ಮಾಡಿಕೊಂಡರು. ಆದರೆ ಸೊಸೆ ಉಳಿದೆರಡನ್ನು ಹಿಡಿಯುವುದನ್ನು ಮಾತ್ರ ಅವರು ದಿನವೂ ಗಮನಿಸುತ್ತಿದ್ದರು. ಒಂದು ಬೆಳಿಗ್ಗೆ ಅವಳ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿದರು.

"ನೀನೂ ಆ ಮೇಸ್ತ್ರೀನೂ ಬೆರಳಿನ ಮಾತೇ ಆಡ್ತಿದೀರಲ್ಲ. ನಿಂಗೆ ನೋವಾಗ್ತಿರೋದು ಹೆಬ್ಬೆರಳು."

"ಹೆಬ್ಬೆರಳಿಗೆ ಏನೂ ಆಗಿಲ್ಲ ಅತ್ತೆ."

"ಆಗಿಲ್ಲ. ಆದ್ರೆ ಆ ಎರಡು ಬೆರಳಿನ ಕೆಲಸಾನೂ ಇದೇ ಹಿಂದೆ ನಿಂತು ಎಳೀತಿದೆ. ನೋಡು, ಬುಡ ಕೆಂಪಾಗಿದೆ. ಇಲ್ಲಿ ಮರ ಜಾಸ್ತಿ ಇದೆ ಕಣೇ. ಹೆಬ್ಬೆರಳು ಕೂರೋ ಕಡೆ ಕೆತ್ತಿಸ್ಬೇಕು, ಬೆರಳಿನ ಕಡೆ ಹಾಗೇ ಬಿಡ್ಬೇಕು."

ಅವಳು ಮರುದಿನವೇ ಅತ್ತೆಯನ್ನು ಕರೆದುಕೊಂಡು ಹೋದಳು. ಅತ್ತೆ ಆ ಕಡಿದಾದ ಮೆಟ್ಟಿಲನ್ನು ಎರಡು ಕಡೆ ನಿಂತು ಹತ್ತಿದರು. ಮೇಸ್ತ್ರಿ ಅವರ ಮಾತು ಕೇಳಿ ತಲೆ ಅಲ್ಲಾಡಿಸಿದರು. "ಅಮ್ಮ, ಕೊರಳಿನ ಹಿಂಭಾಗ ಎರಡೂ ಕಡೆ ಒಂದೇ ಸಮ ಇರ್ಬೇಕು. ಹಾಗೇ ಮಾಡ್ಕೊಂಡು ಬಂದಿದೀನಿ."

"ಕೈ ಎರಡೂ ಕಡೆ ಒಂದೇ ಸಮ ಇದೆಯೇನಪ್ಪಾ? ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ನಾಲ್ಕು. ಕೈಗವಸು ಹೊಲಿಯೋವಾಗ ನಾನು ಹೆಬ್ಬೆರಳಿಗೆ ಬೇರೆ ತುಂಡೇ ಕತ್ತರಿಸ್ತಿದ್ದೆ."

ಮೇಸ್ತ್ರಿ ಲಿಫ್ಟಕ್ಕನ ಕೈಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ನಡುವಿನ ಮಾದರಿಯನ್ನು ಬೆಂಚಿಗೆ ಬಿಗಿದು, ಅತ್ತೆ ತೋರಿಸಿದ ಕಡೆ ಅರದಿಂದ ಉಜ್ಜತೊಡಗಿದರು. ನಾಲ್ಕು ಸಲ ಉಜ್ಜುವುದು, ಲಿಫ್ಟಕ್ಕನ ಕೈಗೆ ಕೊಡುವುದು, ಅತ್ತೆ ಹೆಬ್ಬೆರಳಿನ ಬುಡ ಒತ್ತಿ ನೋಡುವುದು, ಮತ್ತೆ ಉಜ್ಜುವುದು. ಮಧ್ಯಾಹ್ನದ ಹೊತ್ತಿಗೆ ಒಂದು ಸಲ ಅವಳು ಹಿಡಿದವಳು ಬಿಡಲಿಲ್ಲ. ಬೆರಳುಗಳು ತಾವಾಗಿಯೇ ಹೋಗಿ ಕೂತಿದ್ದವು.

"ಇದೇ," ಎಂದಳು.

ಅತ್ತೆ ಬೆಂಚಿನ ಮೇಲಿನ ಪುಡಿ ಕೊಡವಿ, "ಸರಿ, ನೀರು ಕೊಡಿ," ಎಂದರು.

ಮುಂದಿನ ನಾಲ್ಕು ತಿಂಗಳು ಎಲ್ಲ ಸರಾಗವಾಗಿ ನಡೆಯಿತು. ಐದನೆಯ ತಿಂಗಳು ಮೇಸ್ತ್ರಿ ಫೋನ್ ಮಾಡಿ ಒಮ್ಮೆ ಬಂದು ಹೋಗಿ ಎಂದರು. ನಿಜವಾದ ಮರದ ಕೊರಳು ಬೆಂಚಿನ ಮೇಲಿತ್ತು. ಅತ್ತೆ ಹೇಳಿದ ಅಳತೆಗೇ ಚೆಂದವಾಗಿ ಕೆತ್ತಿದ್ದರು. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ತುದಿಯಿಂದ ನೋಡಲು ಹೇಳಿದರು. ಮೂಲೆಯೊಂದು ಕೂದಲೆಳೆಯಷ್ಟು ತಿರುಚಿಕೊಂಡಿತ್ತು.

"ಒಂಬತ್ತು ವರ್ಷ ಒಣಗಿದ ಮರ. ಹೀಗಾಗ್ಬಾರ್ದಿತ್ತು. ಕೆತ್ತಿ ಸರಿಮಾಡಿ ಕೊಟ್ರೆ ನಿಮ್ಗೆ ಗೊತ್ತೂ ಆಗಲ್ಲ, ಎರಡು ವರ್ಷ ನಡೆಯತ್ತೆ. ಆದ್ರೆ ಮನಸ್ಸೊಪ್ತಿಲ್ಲ. ಹೊಸದು ಮಾಡ್ಬೇಕಂದ್ರೆ ಇನ್ನೂ ನಾಲ್ಕು ತಿಂಗಳು. ಬೇಡ ಅಂದ್ರೂ ನಂಗೆ ಬೇಜಾರಿಲ್ಲ."

ಅವಳ ಮುಖ ಇಳಿಯಿತು. ಮುಂದಿನ ತಿಂಗಳು ದೊಡ್ಡ ಸಭಾಂಗಣದ ಕಾರ್ಯಕ್ರಮವಿತ್ತು. ಬರುತ್ತೇನೆಂದು ಬ್ಯಾಂಡಿನವರಿಗೆ ಮಾತು ಕೊಟ್ಟಿದ್ದಳು. ಕಿಟಕಿಯ ಹತ್ತಿರ ಹೋಗಿ ಕೆಳಗೆ ಚಕ್ರ ತಿರುಗಿಸುತ್ತಿದ್ದ ಸೈಕಲ್ ಅಂಗಡಿಯವನನ್ನು ಒಂದು ನಿಮಿಷ ನೋಡಿದಳು. ಹಗ್ಗದ ಮೇಲೆ ಅನುಮಾನವಿರುವ ಲಿಫ್ಟಿನಲ್ಲಿ ಅವಳು ಎಂದೂ ಜನರನ್ನು ಕಳಿಸಿದವಳಲ್ಲ.

"ಹೊಸದು ಮಾಡಿ," ಎಂದಳು.

ಆ ಸಂಜೆ ಬೇಕರಿಗೆ ಹೋಗಿ ವಿಷಯ ಹೇಳಿದಳು. ಬೇಕರಿಯವನು ಬ್ರೆಡ್ ಟ್ರೇ ಕೆಳಗಿಟ್ಟು, ಬೇಸರ ತೋರದೆ ಮಾತು ಹುಡುಕಿದ. "ಒಬ್ಬ ಇದಾನೆ ಅಕ್ಕ, ಕಾಲೇಜಲ್ಲಿ ಲೆಕ್ಕದ ಮೇಷ್ಟ್ರು. ನುಡಿಸ್ತಾನೆ. ಆದ್ರೆ ನಿಮ್ ಜಾಗಕ್ಕೆ ಇನ್ನೊಬ್ಬರನ್ನ ಕರೆಯೋದು ಅಂದ್ರೆ..."

"ಕರಿ. ನಾನೇ ಹೇಳ್ಕೊಡ್ತೀನಿ. ನಾಲ್ಕು ತಿಂಗಳಿಗೆ ಅಂತ ಈಗ್ಲೇ ಹೇಳ್ಬಿಡು."

ಹೇಳಿಕೊಟ್ಟಳು ಕೂಡ. ಲೆಕ್ಕದ ಮೇಷ್ಟ್ರು ತಾಳ ತಪ್ಪುತ್ತಿರಲಿಲ್ಲ, ಆದರೆ ಎಲ್ಲಿ ಸುಮ್ಮನಿರಬೇಕೆಂಬುದು ಗೊತ್ತಿರಲಿಲ್ಲ. ಅಲ್ಲೆಲ್ಲ ಅವಳು ಅವರ ಹೆಗಲು ಮುಟ್ಟುತ್ತಿದ್ದಳು. ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲಿ ಕೂತು ಇಡೀ ಹೊತ್ತು ತೊಡೆಯ ಮೇಲೆ ಬೆರಳಾಡಿಸಿದಳು. ಮನೆಗೆ ಬಂದು ಗಂಡನಿಗೆ, "ಚೆನ್ನಾಗಾಯ್ತು ರೀ," ಎಂದಳು. ಗಂಡ ಅವಳ ಮುಖ ನೋಡಿ ಊಟಕ್ಕೆ ತಟ್ಟೆ ಹಾಕಿದ.

ಕೊನೆಗೂ ಗಿಟಾರ್ ಸಿದ್ಧವಾಯಿತೆಂದು ಫೋನ್ ಬಂದಾಗ ಅವಳು ಕೆಲಸದ ಚೀಲ ಹೆಗಲಿಗೇರಿಸಿಕೊಂಡೇ ಓಡಿದಳು. ಬೆಂಚಿನ ಮೇಲೆ ಅದು ಮಲಗಿತ್ತು: ಬಣ್ಣವಿಲ್ಲದೆ ಬರೀ ಎಣ್ಣೆ ತಿಕ್ಕಿದ ಕಂದು ಮರ, ಹಳೆಯದರ ಮುಕ್ಕಾಲು ಭಾಗದಷ್ಟೇ ತೂಕ. ಆದರೆ ಮೇಸ್ತ್ರಿಯ ಮುಖ ಬಾಡಿತ್ತು.

"ಮರದ ಕೆಲಸ ಮುಗೀತು. ಆದ್ರೆ ಸ್ಪೀಕರಿಗೆ ಹಾಕಿದ್ರೆ ಹೂಂ ಅಂತ ಗುಂಯ್‌ಗುಡತ್ತೆ. ಎರಡು ದಿನದಲ್ಲಿ ಮೂರು ಸಲ ಒಳಗಿನ ವೈರೆಲ್ಲ ಬಿಚ್ಚಿ ಕಟ್ಟಿದೀನಿ. ಎಲ್ಲಿ ತಪ್ಪಿದೆ ಅಂತ ತಿಳೀತಿಲ್ಲ."

ಅವಳು ಗಿಟಾರಿನ ವೈರನ್ನು ಸ್ಪೀಕರಿಗೆ ಚುಚ್ಚಿದಳು. ಗುಂಯ್ ಎಂದಿತು. ತಂತಿಯ ಮೇಲೆ ಕೈಯಿಟ್ಟಳು, ಸದ್ದು ಬದಲಾಯಿತು. ಬೆಂಚಿನ ಪಕ್ಕ ಇದ್ದ ಇನ್ನೊಬ್ಬರ ಗಿಟಾರಿಗೆ ಆ ವೈರು ಹಾಕಿ ನೋಡಿದಳು. ಅದೂ ಗುಂಯ್ ಎಂದಿತು.

"ಮೇಸ್ತ್ರಿ, ಈ ಎಕ್ಸ್‌ಟೆನ್ಷನ್ ಬೋರ್ಡ್ ಯಾವಾಗ ತಂದಿದ್ದು?"

"ಮೊನ್ನೆ. ಹಳೇದು ಸುಟ್ಟೋಯ್ತು."

ಅವಳು ಪ್ಲಗ್ ಕಿತ್ತು, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಬೋರ್ಡ್ ಬಿಚ್ಚಿದಳು. ಒಳಗೆ ಹಸಿರು ವೈರು ಯಾವುದಕ್ಕೂ ಸೇರದೆ ಸುಮ್ಮನೆ ಮಡಚಿ ಕೂತಿತ್ತು. "ಅರ್ತಿಂಗೇ ಕೊಟ್ಟಿಲ್ಲ ಇದಕ್ಕೆ, ಗುಂಯ್ ಅನ್ನೋದು ಅದಕ್ಕೇ. ನಿಮ್ ಗಿಟಾರಿಗೆ ಏನೂ ಆಗಿಲ್ಲ," ಎನ್ನುತ್ತ ವೈರಿನ ತುದಿ ಸುಲಿದು ಬಿಗಿದಳು. ಮತ್ತೆ ಹಾಕಿದಾಗ ಸ್ಪೀಕರ್ ಸದ್ದಿಲ್ಲದೆ ಕಾಯುತ್ತಿತ್ತು.

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು ಒರೆಸಿಕೊಂಡರು. "ಎರಡು ದಿನ ನನ್ನ ಕೈಯನ್ನೇ ನಾನು ಬೈಕೊಂಡೆ," ಎಂದರು.

"ಇನ್ನು ಸಾಕು ಬಿಡಿ," ಎಂದು ಅವಳು ಗಿಟಾರ್ ಎತ್ತಿಕೊಂಡಳು. ಅತಿ ದಪ್ಪ ತಂತಿ ಮೀಟಿದಾಗ ಕಿಟಕಿಯ ಕೆಳಗಿನ ಉಳಿಗಳು ಸಣ್ಣಗೆ ನಡುಗಿದವು. ಖಾಲಿ ಡಬ್ಬದ ಸದ್ದಿನ ಸುಳಿವೂ ಇರಲಿಲ್ಲ. ಹದಿನೇಳು ವರ್ಷದಲ್ಲಿ ಕಲಿತ ಹಾಡುಗಳನ್ನು ಒಂದೊಂದಾಗಿ ನುಡಿಸುತ್ತ ಹೋದಳು. ಎರಡು ಕಡೆ ಬೆರಳು ತಪ್ಪಿತು, ಅದು ಬೆರಳಿನ ತಪ್ಪು, ಅಭ್ಯಾಸದಿಂದ ಹೋಗುವಂಥದ್ದು. ಮೇಸ್ತ್ರಿ ಈ ಸಲ ಕೈ ನೋಡಲಿಲ್ಲ, ಕಣ್ಣು ಮುಚ್ಚಿ ಕೇಳಿದರು.

ಈಗ ಬ್ಯಾಂಡಿನಲ್ಲಿ ಐದು ಜನ. ಲೆಕ್ಕದ ಮೇಷ್ಟ್ರನ್ನು ಕಳಿಸಲು ಯಾರಿಗೂ ಮನಸ್ಸಾಗದೆ ಅವರನ್ನು ಕೀಬೋರ್ಡಿಗೆ ಕೂರಿಸಿದ್ದಾರೆ. ಒಂದು ಗಂಟೆ ನುಡಿಸಿದ ಮೇಲೆ ಲಿಫ್ಟಕ್ಕನ ಕೈ ಇವತ್ತಿಗೂ ನೋಯುತ್ತದೆ. ಅದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿಲ್ಲ. ಏಳನೆಯ ಹಾಡಾದ ಮೇಲೆ ಹತ್ತು ನಿಮಿಷ ವಿರಾಮ ಇರಬೇಕೆಂದು ಹೇಳಿದ್ದಾಳೆ. ಆ ಹತ್ತು ನಿಮಿಷ ಎಲ್ಲರೂ ಕಾಫಿ ಕುಡಿಯುತ್ತಾರೆ, ಅವಳು ಬಿಸಿ ಲೋಟವನ್ನು ಎಡಗೈಯಲ್ಲಿ ಹಿಡಿದು ಕೂರುತ್ತಾಳೆ. ಆಮೇಲೆ ಎಂಟನೆಯ ಹಾಡು ಶುರುವಾಗುತ್ತದೆ.