ಬೀಗರ ಕಾಯಿ ಕಡಿಯುವಂತಿಲ್ಲ

ನಮ್ಮ ಪತ್ರಿಕೆಯ ಭಾನುವಾರದ ಪುಟದಲ್ಲಿ ಮೊಬೈಲ್ ಆಟಗಳನ್ನು ಶಿಫಾರಸು ಮಾಡುವ ಅಂಕಣ ನನ್ನ ಪಾಲಿಗೆ ಬಂದದ್ದು, ಅದನ್ನು ತೀರ್ಮಾನಿಸಿದ ಸಭೆಗೆ ನಾನು ಹೋಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಶಿಕಾರಿಪುರದಲ್ಲಿ ಕೂತು ತಾಲ್ಲೂಕಿನ ಸುದ್ದಿ ಬರೆಯುವ ನನಗೆ ಅಂದು ಕೆರೆ ಏರಿ ಬಿರುಕಿನ ವರದಿ ಇತ್ತು. ಸಂಜೆ ಸಂಪಾದಕರು ಫೋನ್ ಮಾಡಿ, ಹುಡುಗರು ಪತ್ರಿಕೆ ಓದುವುದು ಕಡಿಮೆಯಾಗುತ್ತಿದೆ, ಅವರಿಗೊಂದು ಅಂಕಣ ಬೇಕು, ಸಭೆಗೆ ಬಂದವರಿಗೆಲ್ಲ ಬೇರೆ ಕೆಲಸ ಹಂಚಿಯಾಗಿದೆ ಎಂದರು. ಮೊಬೈಲಿನಲ್ಲಿ ನಾನು ಒಂದು ಆಟವನ್ನೂ ಆಡಿಲ್ಲ ಎಂದೆ. ಹಾಗಿದ್ದರೆ ಪಕ್ಷಪಾತದ ದೂರು ಬರುವುದಿಲ್ಲ ಎಂದು ಫೋನ್ ಇಟ್ಟರು.

ಅಂಕಣಕ್ಕೂ ಸುದ್ದಿಯ ನಿಯಮಗಳನ್ನೇ ಹಾಕಿಕೊಂಡೆ. ಆಡದ ಆಟದ ಬಗ್ಗೆ ಬರೆಯಬಾರದು. ಒಬ್ಬರು ಚೆನ್ನಾಗಿದೆ ಎಂದರೆ ಸಾಲದು. ಅವರ ಪರಿಚಯವಿಲ್ಲದ ಇನ್ನೊಬ್ಬರೂ ಹೇಳಬೇಕು. ‘ಅದ್ಭುತ’ ಎಂಬ ಪದ ಬಳಸಬಾರದು. ಹಳೆಯ ಫೋನಿನಲ್ಲಿ ತೆರೆಯುತ್ತದೆಯೇ, ಶಿರಾಳಕೊಪ್ಪ ದಾಟಿದ ಮೇಲೆ ಬಸ್ಸಿನಲ್ಲಿ ಸಿಗ್ನಲ್ ಹೋದರೆ ಆಟ ನಿಲ್ಲುತ್ತದೆಯೇ, ಜಾಹೀರಾತು ಮುಚ್ಚುವ ಗುರುತು ಮನುಷ್ಯರ ಬೆರಳಿಗೆ ಸಿಗುವಷ್ಟು ದೊಡ್ಡದಿದೆಯೇ ಎಂದು ನೋಡಬೇಕು. ಒಂದು ವಾರ ಒಗಟಿನ ಆಟ, ಒಂದು ವಾರ ಓಟದ್ದು, ಆಮೇಲೆ ಪದಗಳದ್ದು, ಗುಂಡು ಹಾರಿಸುವುದು, ಹೀಗೆ ಜಾತಿವಾರು ಹಂಚಿಕೊಂಡೆ.

ಮಾಹಿತಿದಾರರು ಬೇಗ ಸಿಕ್ಕರು. ಬಸ್ ನಿಲ್ದಾಣದಲ್ಲಿ ತಲೆ ತಗ್ಗಿಸಿ ಕೂತ ಯಾರನ್ನೇ ಕೇಳಿದರೂ ಹೇಳುತ್ತಿದ್ದರು. ಬಣ್ಣದ ಗೋಲಿ ಹೊಂದಿಸುವ ಆಟಗಳನ್ನು ಹೆಚ್ಚಾಗಿ ಹೆಂಗಸರು ಹೇಳಿದರು, ಯಾಕೆಂದರೆ ಕುಕ್ಕರ್ ಕೂಗಿದಾಗ ಅರ್ಧಕ್ಕೆ ಬಿಟ್ಟು ಹೋಗಬಹುದು. ಗುಂಡಿನ ಆಟದ ಹುಡುಗರು ಉತ್ತರ ಕೊಡಲು ತಲೆ ಎತ್ತಲಿಲ್ಲ; ಅದನ್ನೇ ಶಿಫಾರಸು ಎಂದು ಬರೆದುಕೊಂಡೆ. ಬೇಸಾಯದ ಆಟವನ್ನು ಈಸೂರಿನ ರೈತರೊಬ್ಬರಿಗೆ ಆಡಲು ಕೊಟ್ಟೆ. ಅವರು ಬಿತ್ತಿದರು, ನೀರು ಬಿಟ್ಟರು, ಅಲ್ಲೇ ಕೊಯ್ದರು, ಫೋನ್ ವಾಪಸ್ ಕೊಟ್ಟರು.

“ಹೆಂಗೈತ್ರೀ?” ಎಂದೆ.

“ಚಲೋ ಐತಿ. ಇದರಾಗ ಕರೆಂಟ್ ಹೋಗಂಗಿಲ್ಲ, ಹಂದಿ ಬರಂಗಿಲ್ಲ. ಪ್ಯಾಟಿ ಮಂದಿಗೆ ಕೊಡ್ರಿ,” ಎಂದರು.

ಅದನ್ನು ಹಾಗೆಯೇ ಅಚ್ಚು ಹಾಕಿಸಿದೆ. ಆ ವಾರದಿಂದ ಅಂಕಣವನ್ನು ದೊಡ್ಡವರೂ ಓದತೊಡಗಿದರು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದವರು ನನ್ನನ್ನು ಕೆರೆಯ ಬಗ್ಗೆ ಕೇಳುವುದನ್ನು ಬಿಟ್ಟು, ಮೊಣಕಾಲು ನೋವಿನವರಿಗೆ ಯಾವ ಆಟ ಒಳ್ಳೆಯದು ಎಂದು ಕೇಳುವ ಪರಿಸ್ಥಿತಿ ಬಂತು. ನನ್ನ ಅಕ್ಕನ ಮಗಳು ಒಂದು ಬೆಳಿಗ್ಗೆ ಮನೆಗೆ ಬಂದದ್ದು ಇಂಥದೇ ಪ್ರಶ್ನೆ ಹಿಡಿದು.

ಅವಳು ಶಿರಾಳಕೊಪ್ಪದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸೊರಬದ ಒಂದು ಮನೆಯವರು ಅವಳನ್ನು ನೋಡಿಕೊಂಡು ಹೋಗಿದ್ದರು. ಹುಡುಗ ಆನವಟ್ಟಿಯಲ್ಲಿ ಹೈಸ್ಕೂಲು ಗಣಿತದ ಮೇಷ್ಟ್ರು. ಇಬ್ಬರೂ ಒಪ್ಪಿದ್ದರು. ನಿಶ್ಚಯದ ದಿನ ಮಾತ್ರ ಕೂಡಿಬರುತ್ತಿರಲಿಲ್ಲ. ಕಾರಣ ಇಬ್ಬರು ತಂದೆಯರು.

ನನ್ನ ಭಾವ, ಅಂದರೆ ಹುಡುಗಿಯ ತಂದೆ, ಶಿಕಾರಿಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವರು. ಗಿರಾಕಿ ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡುವವರು. ಹುಡುಗನ ತಂದೆ ಅಕ್ಕಿ ಗಿರಣಿಯಲ್ಲಿ ವರ್ಷಗಟ್ಟಲೆ ಮೇಲ್ವಿಚಾರಣೆ ಮಾಡಿ ಈಗ ಗದ್ದೆ ನೋಡಿಕೊಂಡಿದ್ದರು. ಗಿರಣಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಅವರಿಗೆ ಮಾತಿನ ಅಭ್ಯಾಸ ತಪ್ಪಿತ್ತು. ಸಂಬಂಧ ಕುದುರುವ ಹೊತ್ತಿನಲ್ಲಿ ಎರಡೂ ಮನೆಯ ಹಿರಿಯರು ಆಗಾಗ ಫೋನ್ ಮಾಡಿ ವಿಚಾರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಇವರೂ ಮಾಡಿದರು. ಕರೆ ಹೀಗಿರುತ್ತಿತ್ತು:

“ಮಳೆ ಹೆಂಗ್ರೀ ಆ ಕಡೆ?”

“ಪರವಾಗಿಲ್ಲ.”

“ಹೌದ್ರಾ.”

“ಹೌದು.”

ಆಮೇಲೆ ಇಬ್ಬರೂ ಫೋನ್ ಕಿವಿಗೆ ಹಿಡಿದು ನಿಂತಿರುತ್ತಿದ್ದರು. ಮೊದಲು ಇಟ್ಟರೆ ಮರ್ಯಾದೆಗೇಡು. ಕೊನೆಗೆ ಅಕ್ಕ ಬಂದು ಭಾವನ ಕೈಯಿಂದ ಫೋನ್ ತೆಗೆದುಕೊಂಡು, ಹುಡುಗನ ತಾಯಿಯ ಹತ್ತಿರ ಮಾತಾಡುತ್ತಿದ್ದಳು. ಸಂಬಂಧ ತಂದವರ ಮೂಲಕ ಸೊರಬದಿಂದ ಒಂದು ಮಾತು ಬಂತು. “ಆ ಮನೆಯವರಿಗೆ ನಮ್ಮ ಮೇಲೆ ಮನಸಿಲ್ಲ ಕಾಣ್ತದೆ. ಮಾತೇ ಆಡಲ್ಲ. ಈ ಸಲ ಬಿಟ್ಟು ಮುಂದೆ ನೋಡಾಣ.” ಇದೇ ಮಾತನ್ನು ಭಾವ ಅವರ ಬಗ್ಗೆ ಹೇಳಿದ್ದನ್ನು ನಾನೇ ಕೇಳಿದ್ದೆ.

“ಮಾಮ, ‘ಮುಂದೆ ನೋಡಾಣ’ ಅಂದ್ರೆ ಏನಂತ ನಿಮಗೆ ಗೊತ್ತಲ್ಲ,” ಎಂದಳು ಹುಡುಗಿ. ಗೊತ್ತಿತ್ತು. ನಮ್ಮ ಕಡೆ ಸಂಬಂಧವನ್ನು ಯಾರೂ ಬೇಡ ಎನ್ನುವುದಿಲ್ಲ. ಮುಂದೆ ನೋಡೋಣ ಎಂದು ಬಿಟ್ಟುಬಿಡುತ್ತಾರೆ.

“ನಾನೇನು ಮಾಡಲಿ?”

“ಅವರ ಅಪ್ಪಾಜಿ ಸಂಜೆ ಆದ್ರೆ ಮೊಬೈಲಲ್ಲಿ ಆಟ ಆಡ್ತಾರಂತೆ. ಮೇಷ್ಟ್ರು ಹೇಳಿದ್ರು. ನಮ್ಮಪ್ಪಾಜಿಗೂ ಒಂದು ಆಟ ಹೇಳ್ರಿ. ಇಬ್ರೂ ಕೂಡಿ ಆಡೋದು. ಮಾತಾಡೋ ಹಂಗಿರಬಾರದು, ಆದ್ರೆ ಜೊತೆಗಿದ್ದಂಗೆ ಇರಬೇಕು.”

ಅಂಕಣಕ್ಕೆ ಬಂದ ವಿನಂತಿಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಬೇರೆ ಇರಲಿಲ್ಲ. ಎರಡು ಊರು, ಇಬ್ಬರು ಆಟಗಾರರು, ಚಾಳೀಸಿನ ಕಣ್ಣು, ಮಾತಿಲ್ಲ. ಒಗಟು, ಪದ, ಬೇಸಾಯ, ಮೂರೂ ಒಬ್ಬರೇ ಆಡುವವು, ಬಿಟ್ಟೆ. ಮೊದಲು ಚದುರಂಗ ಹೇಳಿದೆ. ಭಾವ ನಿಯಮ ಕೇಳಿಕೊಂಡು ಫೋನನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು.

“ಬೀಗರಾಗೋರ ರಾಜನ್ನ ನಾ ಹಿಡಿಯೋದೇನಪ್ಪ? ನೀನೇ ಹೇಳು.”

ಕಾರು ಓಡಿಸುವ ಆಟ ಹಾಕಿಕೊಟ್ಟೆ; ಸೊರಬದ ಫೋನಿಗೆ ಮೇಷ್ಟ್ರು ಹಾಕಿದರು. ಅಂಗಡಿಯಲ್ಲಿ ಅವರ ಪಕ್ಕದಲ್ಲೇ ಕೂತು ನೋಡಿದೆ. ಆಟ ಶುರುವಾದ ಕೂಡಲೇ ಭಾವ, ಬೀಗರು ಮುಂದೆ ಹೋಗಲಿ ಎಂದು ನಿಧಾನಿಸಿದರು. ಸೊರಬದ ಕಾರೂ ನಿಧಾನಿಸಿತು. ಭಾವ ನಿಲ್ಲಿಸಿಯೇ ಬಿಟ್ಟರು. ಅದೂ ನಿಂತಿತು. ಕಂಪ್ಯೂಟರಿನ ಕಾರುಗಳು ಒಂದೊಂದಾಗಿ ಇವರನ್ನು ದಾಟಿಹೋಗಿ ಬಹುಮಾನ ಹಂಚಿಕೊಂಡವು. ರಸ್ತೆಯ ನಡುವೆ ಎರಡು ಕಾರು ಸುಮ್ಮನೆ ನಿಂತಿರುವಾಗಲೇ ಆಟ ಮುಗಿಯಿತು.

“ಭಾಳ ಒಳ್ಳೇ ಮನುಷ್ಯರು,” ಎಂದರು ಭಾವ.

ಅದು ಪ್ರಗತಿ ಎಂದು ನಾನು ದಾಖಲಿಸಿಕೊಂಡೆ. ಆದರೆ ದಿನಾ ಹೀಗೆ ನಿಲ್ಲಲಾಗುವುದಿಲ್ಲ. ಮರ್ಯಾದೆ ತೋರಿಸಲು ಅವಕಾಶ ಕಡಿಮೆ ಇರುವ ಆಟ ಹುಡುಕಿ ಲೂಡೋಗೆ ಬಂದೆ. ದಾಳ ಹೇಳಿದಷ್ಟು ನಡೆಯಬೇಕು, ತನ್ನ ಕಾಯಿಗಳನ್ನು ತಾನು ಹಣ್ಣು ಮಾಡಿಕೊಳ್ಳಬೇಕು. ಚೌಕಾಬಾರ ಆಡಿದವರಿಗೆ ಹೇಳಿಕೊಡುವ ಅಗತ್ಯವೂ ಇಲ್ಲ. ಇರುವ ಹಲವು ಲೂಡೋಗಳಲ್ಲಿ ಅಕ್ಷರ ದೊಡ್ಡದಿರುವ, ಸಿಗ್ನಲ್ ಹೋದರೂ ಕಾಯುವ ಒಂದನ್ನು ಆರಿಸಿದೆ. ಯಾರಾದರೂ ಯೋಚನೆ ಮಾಡುತ್ತ ಕೂತರೆ ಅವರ ಪರವಾಗಿ ಫೋನೇ ಕಾಯಿ ನಡೆಸುತ್ತದೆ, ಆಟ ಎಳೆಯುವುದಿಲ್ಲ ಎಂಬುದನ್ನು ಅದರ ಗುಣವೆಂದು ಹಿಂದೆ ಅಂಕಣದಲ್ಲಿ ಬರೆದಿದ್ದೆ.

ಲೂಡೋ ನಡೆಯಿತು. ಅಂಗಡಿ ಬಾಗಿಲು ಹಾಕಿ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಭಾವ ಫೋನ್ ಹಿಡಿಯುತ್ತಿದ್ದರು. ಆಟದಲ್ಲಿ ಕಳಿಸಲು ನಗುವ, ಅಳುವ, ನಾಲಿಗೆ ಚಾಚುವ ಚಿತ್ರಗಳಿದ್ದವು. ಅವರು ಶುರುವಿನಲ್ಲೊಂದು, ಕೊನೆಯಲ್ಲೊಂದು ಕೈಮುಗಿದ ಚಿತ್ರ ಕಳಿಸುತ್ತಿದ್ದರು. ಸೊರಬದಿಂದಲೂ ಅದೇ ಬರುತ್ತಿತ್ತು. ಯಾರು ಗೆದ್ದರು ಎಂದು ಕೇಳಿದರೆ “ಅವರು ಅರಾಮ ಅದಾರ” ಎನ್ನುತ್ತಿದ್ದರು. ತಮ್ಮ ಅಪ್ಪಾಜಿ ಊಟಕ್ಕೆ ಕೂತಾಗ “ಶಿಕಾರಿಪುರದೋರು ಸಮಾಧಾನದ ಜನ” ಎಂದರು ಎಂದು ಮೇಷ್ಟ್ರು ಹುಡುಗಿಗೆ ಹೇಳಿದರು. ಸಂಬಂಧ ತಂದವರು ಮತ್ತೆ ಓಡಾಡತೊಡಗಿದರು. ದಿನ ನೋಡೋಣ ಎಂಬ ಮಾತು ಎರಡೂ ಕಡೆಯಿಂದ ಹೊರಟಿತು.

ಇಬ್ಬರೂ ಒಬ್ಬರ ಕಾಯಿಯನ್ನು ಒಬ್ಬರು ಕಡಿಯದೆ ಆಡುತ್ತಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಬೀಗರ ಕಾಯಿ ಕಡಿಯುವ ಹಾಗೆ ದಾಳ ಬಿದ್ದರೆ ಭಾವ ಬೇರೆ ಕಾಯಿ ನಡೆಸುತ್ತಿದ್ದರು. ಅವರೂ ಹಾಗೇ. ಯಾರೂ ಇದನ್ನು ಮಾತಾಡಿಕೊಂಡಿರಲಿಲ್ಲ.

ಒಂದು ಸಂಜೆ ಭಾವನ ಉಳಿದ ಕಾಯಿಗಳೆಲ್ಲ ಹಣ್ಣಾಗಿ ಒಂದೇ ಕಾಯಿ ಹೊರಗಿತ್ತು. ಸೊರಬದವರ ಎರಡು ಕೆಂಪು ಕಾಯಿ ಹೊರಗಿದ್ದವು; ಒಂದು ಊರೆಲ್ಲ ಸುತ್ತಿ ತನ್ನ ಮನೆ ಬಾಗಿಲಿಗೆ ಬಂದು ನಿಂತಿತ್ತು. ದಾಳ ಬಿತ್ತು. ಎಣಿಸಿ ನೋಡಿದರೆ ನೇರ ಅದರ ಮೇಲೆ ಹೋಗುತ್ತದೆ. ಭಾವ ಕಾಯಿ ಮುಟ್ಟಲಿಲ್ಲ. ಫೋನನ್ನು ಮಂಚದ ಮೇಲಿಟ್ಟು ದೂರ ಕೂತರು. ಫೋನ್ ಸ್ವಲ್ಪ ಕಾದು, ಅವರ ಪರವಾಗಿ ತಾನೇ ನಡೆಸಿತು. ಬೀಗರ ಕಾಯಿ ತಿರುಗುತ್ತ ಹೊರಟು ಶುರುವಿನ ಜಾಗಕ್ಕೆ ಹೋಗಿ ಬಿತ್ತು. ಪಟಾಕಿಯ ಸದ್ದಾಯಿತು. ಪರದೆಯ ಮೇಲೆ ಕತ್ತಿಯ ಚಿತ್ರ ಬಂತು.

ಸೊರಬದವರು ಆಟದಿಂದ ಹೊರಗೆ ಹೋದರು. ಕೈಮುಗಿದ ಚಿತ್ರ ಬರಲಿಲ್ಲ. ಮರುದಿನ ಸಂಜೆ ಭಾವ ಎಂದಿನಂತೆ ವಿಭೂತಿ ಹಚ್ಚಿಕೊಂಡು ಕೂತರು. ಆ ಕಡೆಯಿಂದ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸಂಬಂಧ ತಂದವರು ತಮಗೆ ಬೇರೆ ಊರಲ್ಲಿ ಕೆಲಸವಿದೆ ಎಂದರು. ಭಾವ ಊಟ ಮಾಡುತ್ತಿದ್ದರು, ಆದರೆ ಸಾರಿಗೆ ಉಪ್ಪಿಲ್ಲದಿದ್ದರೂ ಕೇಳುತ್ತಿರಲಿಲ್ಲ ಎಂದು ಅಕ್ಕ ತಿಳಿಸಿದಳು.

“ನೀನು ಹೇಳಿದ ಆಟನೇ ಅಲ್ಲೇನೋ ಅದು?” ಎಂದಳು.

ಮೇಷ್ಟ್ರ ಮನೆಯಲ್ಲಿ ಏನು ನಡೆದಿದೆ ಎಂದು ಹುಡುಗಿಯನ್ನು ಕೇಳಿದೆ. “ಅವರ ಅಪ್ಪಾಜಿ ಫೋನ್ ಬೀರುವಿನಾಗಿಟ್ಟಾರಂತೆ. ಯಾಕಂತ ಹೇಳಲ್ಲಂತೆ. ಕೇಳೋಕೆ ಮೇಷ್ಟ್ರಿಗೆ ಹೆದರಿಕೆ,” ಎಂದಳು. ಮತ್ತೆ, “ಕಾಯಿ ಕಡಿದ್ರು ಅಂತ ಮದುವಿ ನಿಂತ್ರೆ ಜನಕ್ಕೆ ಏನಂತ ಹೇಳಾದು ಮಾಮ?” ಎಂದಳು.

ಫೋನ್ ಮಾಡಿ ವಿವರಿಸಿ ಎಂದು ಭಾವನಿಗೆ ಹೇಳಿ ಪ್ರಯೋಜನವಿರಲಿಲ್ಲ. ಫೋನಿನಲ್ಲಿ ಮಾತಾಡಲು ಬಂದಿದ್ದರೆ ಲೂಡೋವೇ ಬೇಕಿರಲಿಲ್ಲ. ಹೋಗಿಬರೋಣ ಎಂದೆ. ಅವರು ಒಪ್ಪಿದ್ದು ನನಗೆ ಆಶ್ಚರ್ಯ. ಶಿರಾಳಕೊಪ್ಪದವರೆಗೆ ಒಂದು ಬಸ್ಸು. ಅಲ್ಲಿ ಇಳಿದು ಬಾಳೆಹಣ್ಣು ಕೊಂಡರು. ಸೊರಬದ ಬಸ್ಸು ಹತ್ತಿ ಕೂತ ಮೇಲೆ ಕೇಳಿದರು.

“ನಾ ಕಡಿದಿಲ್ಲ, ಫೋನ್ ಕಡೀತು ಅಂದ್ರ ನಂಬ್ತಾರಾ?”

“ನಿಯಮ ತೋರಿಸ್ತೀನಿ ಭಾವ. ಅಂಕಣದಾಗ ಬರೆದಿದ್ದೆ.”

“ಪೇಪರ್ ತೋರಿಸಬ್ಯಾಡ. ವಾದಕ್ಕೆ ಬಂದಂಗ ಕಾಣ್ತದ.”

ಹುಡುಗನ ತಂದೆ ಜಗಲಿಯ ಮೇಲೆ ಕೂತಿದ್ದವರು ನಮ್ಮನ್ನು ಕಂಡು ಎದ್ದು ನಿಂತರು. ಒಳಗೆ ಕರೆದರು. ನೀರು ಬಂತು, ಬೆಲ್ಲ ಬಂತು. ಮಳೆ ವಿಚಾರ ಒಂದು ಸುತ್ತು ಆಯಿತು. ಆಮೇಲೆ ಇಬ್ಬರೂ ನೆಲ ನೋಡುತ್ತ ಕೂತರು. ನಾನೇ ಶುರು ಮಾಡಬೇಕೇ ಎಂದು ಯೋಚಿಸುತ್ತಿರುವಾಗ ಸೊರಬದವರು ಬಾಯಿ ಬಿಟ್ಟರು.

“ನಂದು ತಪ್ಪಾಯ್ತು ಮಾರಾಯ್ರೇ.”

ಭಾವ ತಲೆ ಎತ್ತಿದರು. “ನಿಮ್ಮದೇನ್ರೀ ತಪ್ಪು? ಕಡಿದೋನು ನಾನು.”

“ಕಡೀದೆ ಎಂತ ಮಾಡ್ತೀರಿ? ನಿಮಗೆ ಇದ್ದಿದ್ದು ಒಂದೇ ಕಾಯಿ. ಅದರ ಎದುರಿಗೆ ನಾನು ಹೋಗಿ ನಿಲ್ಲಿಸಬಾರದಿತ್ತು. ಹಿಂದಿನ ದಾಳಕ್ಕೆ ನನ್ನ ಬೇರೆ ಕಾಯಿ ನಡೆಸಬೋದಿತ್ತು ನಂಗೆ. ಅದನ್ನ ಹಣ್ಣು ಮಾಡೋ ಆಸೆಗೆ ಬಿದ್ದೆ. ಬೀಗರ ಕೈಲಿ ಮಾಡಬಾರದ್ದು ಮಾಡಿಸಿದೆ. ಮುಖ ತೋರ್ಸೋದು ಹ್ಯಾಂಗೆ ಅಂತ ಫೋನ್ ಎತ್ತಿಟ್ಟೆ.”

“ಅಲ್ರೀ, ನಾನು ಅದಕ್ಕೂ ಹಿಂದಿನ ದಾಳಕ್ಕ ನನ್ನ ಇನ್ನೊಂದು ಕಾಯಿ ಹಣ್ಣು ಮಾಡದಂಗ ಇಟ್ಕೊಂಡಿದ್ರ, ನಡಸಾಕ ಒಂದು ಇರ್ತಿತ್ತು. ಅವಸರ ಮಾಡಿದೋನು ನಾನು.”

“ಹಣ್ಣಾಗೋ ಕಾಯಿ ಯಾರು ಬಿಡ್ತಾರೆ? ಅದು ತಪ್ಪಲ್ಲ.”

“ತಪ್ಪೇ.”

“ನಂದು ಅನ್ನೋದನ್ನ ನೀವು ಒಪ್ತಾ ಇಲ್ಲ.”

“ಒಪ್ಪಂಗಿಲ್ಲ.”

ಭಾವ ಚೀಲದಿಂದ ಬಾಳೆಹಣ್ಣು ತೆಗೆದು ನೆಲದ ಮೇಲೆ ಕಾಯಿಗಳಂತೆ ಇಟ್ಟು ತೋರಿಸಿದರು. ಸೊರಬದವರು ಒಂದನ್ನು ಎತ್ತಿ ಬೇರೆ ಕಡೆ ಇಟ್ಟು, ಅದು ಅಲ್ಲಿರಲಿಲ್ಲ, ಇಲ್ಲಿತ್ತು ಎಂದರು. ಆ ಆಟದಿಂದ ಹಿಂದಿನ ದಿನದ ಆಟಕ್ಕೆ ಹೋದರು. ಅದರಲ್ಲಿ ಕಡಿಯುವ ಅವಕಾಶವನ್ನು ತಾವು ಬಿಟ್ಟದ್ದನ್ನು ಭಾವ ಹೇಳಲಿಲ್ಲ, ಸೊರಬದವರೇ ಹೇಳಿದರು. “ನೀವು ಬಿಟ್ಟಿದ್ದು ನಂಗೆ ಕಂಡಿತ್ತು.” “ನೀವು ಬಿಟ್ಟಿದ್ದೂ ನನಗ ಕಂಡಿತ್ತು.” ಇಬ್ಬರ ದನಿಯೂ ಏರಿತ್ತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಜಗಳವೆಂದು ತಿಳಿದು ಬಾಗಿಲಲ್ಲಿ ಇಣುಕಿದರು.

ಹುಡುಗನ ತಾಯಿ ಚಹಾದ ತಟ್ಟೆ ಹಿಡಿದು ಅಡುಗೆ ಮನೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ನನ್ನ ಕಡೆ ತಿರುಗಿ, “ಮದುವೆಯಾಗಿ ಬಂದಾಗಿಂದ ಇವರು ಇಷ್ಟು ಮಾತಾಡಿದ್ದು ನಾ ಕೇಳಿಲ್ಲ,” ಎಂದರು. ಆಮೇಲೆ ಚಹಾ ಕೊಟ್ಟು, ಗೋಡೆಯ ಕ್ಯಾಲೆಂಡರ್ ಕಿತ್ತು ತಂದು ಬಾಳೆಹಣ್ಣುಗಳ ನಡುವೆ ಇಟ್ಟರು.

“ತಪ್ಪು ಯಾರದ್ದು ಅಂತ ಆಮೇಲೆ ನೋಡ್ಕಳಿ. ನಿಶ್ಚಯ ಯಾವತ್ತು ಇಟ್ಕಂಬದು ಹೇಳಿ. ಅಣ್ಣಾರೇ, ನಿಮಗೆ ಶ್ರಾವಣದ ಮೊದಲ ಸೋಮವಾರ ಅಡ್ಡಿಯಿಲ್ಲಲ್ಲ?”

“ಅಡ್ಡಿಯಿಲ್ರೀ,” ಎಂದರು ಭಾವ, ಕ್ಯಾಲೆಂಡರ್ ನೋಡದೆ. “ಆದ್ರ ಆ ಕೆಂಪು ಕಾಯಿ ವಿಚಾರದಾಗ…”

“ಸೋಮವಾರ ಆತು,” ಎಂದು ಅವರು ಒಳಗೆ ಹೋದರು.

ನಾನು ಜಗಲಿಗೆ ಬಂದು ಹುಡುಗಿಗೆ ಫೋನ್ ಮಾಡಿದೆ. ಲ್ಯಾಬಿನಲ್ಲಿದ್ದಳು. ಶ್ರಾವಣದ ಮೊದಲ ಸೋಮವಾರ ನಿಶ್ಚಯ ಎಂದು ಹೇಳಿದೆ. ಒಳಗಿನ ಗದ್ದಲ ಫೋನಿನಲ್ಲಿ ಅವಳಿಗೆ ಕೇಳಿಸುತ್ತಿತ್ತು.

“ಮತ್ತೆ ಅದೇನು ಮಾಮ ಜಗಳ?”

“ತಪ್ಪು ಯಾರದ್ದು ಅಂತ ನಡೆದೈತಿ.”

“ಯಾರದ್ದಂತೆ?”

“ಇನ್ನೂ ತೀರ್ಮಾನ ಆಗಿಲ್ಲ,” ಎಂದೆ. ಅಷ್ಟು ಹೊತ್ತಿಗೆ ಭಾವ ಒಳಗಿಂದ ಕೂಗಿ, ಕೊನೆಯ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಲು ಹೇಳಿದರು.