ಹೊಸ್ತಿಲು ದಾಟದ ಪತ್ರ

ನನಗೆ ಬಾಯಿ ಜಾಸ್ತಿ ಎಂಬುದು ಕನ್ನೊಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನೀರಿನ ಸರದಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ನಿಂತರೂ ವಾದಕ್ಕೇ ನಿಂತೆ ಎಂದು ಅವ್ವ ಬೈಯುತ್ತಿದ್ದಳು. ಸಿಂದಗಿಯ ಕಾಲೇಜಿಗೆ ಸೇರಿದ ಮೇಲೆ ಆ ಬಾಯಿಗೊಂದು ವೇದಿಕೆಯೂ ಸಿಕ್ಕಿತು. ಬಿ.ಎ. ಎರಡನೆಯ ವರ್ಷದಲ್ಲಿ ಚರ್ಚಾ ಸ್ಪರ್ಧೆಗೆ ಹೆಸರು ಕೊಟ್ಟೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು.

ಆಗ ಪತ್ರಿಕೆಗಳಲ್ಲಿ ದೂರದ ಯಾವುದೋ ಊರಿನ ಸುದ್ದಿ ಬರುತ್ತಿತ್ತು. ಸಣ್ಣ ದೇಶವೊಂದರಲ್ಲಿ ಠಾಣ್ಯ ಹೂಡಿದ್ದ ದೊಡ್ಡ ದೇಶವೊಂದರ ಸೈನಿಕ ಅಲ್ಲಿನ ಹುಡುಗಿಯೊಬ್ಬಳ ಬದುಕು ಹಾಳು ಮಾಡಿದನೆಂಬ ಶಂಕೆ. ಅವನನ್ನು ಅಲ್ಲಿನ ಕೋರ್ಟಿಗೆ ಒಪ್ಪಿಸಬೇಕೋ, ಅವನ ದೇಶವೇ ಕರೆಸಿಕೊಂಡು ವಿಚಾರಿಸಬೇಕೋ ಎಂದು ಗದ್ದಲ ನಡೆದಿತ್ತು. ನಮ್ಮ ಮಾಸ್ತರರು ಅದನ್ನೇ ವಿಷಯವಾಗಿಟ್ಟರು. ನಾನು ಒಪ್ಪಿಸಬೇಕು ಎಂಬ ಕಡೆ ಮಾತಾಡಿದೆ. ಎಂಟು ನಿಮಿಷ. ಆ ಹುಡುಗಿ ನಮ್ಮ ಓಣಿಯವಳಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾದರು. ಮೊದಲ ಬಹುಮಾನ ಬಂತು, ಒಂದು ಸ್ಟೀಲಿನ ತಂಬಿಗೆ.

ನನ್ನ ಅಣ್ಣ ಮಿಲಿಟರಿಯಲ್ಲಿದ್ದ. ಆ ವರ್ಷ ಶಾಂತಿ ಕಾಯುವ ಪಡೆಯ ಜೊತೆ ಆಫ್ರಿಕಾದ ಒಂದು ದೇಶಕ್ಕೆ ಹೋಗಿದ್ದ. ಎಂಟು ನಿಮಿಷದಲ್ಲಿ ಒಮ್ಮೆಯೂ ಅವನ ನೆನಪು ನನಗೆ ಬರಲಿಲ್ಲ. ಪರದೇಶದ ಸೈನಿಕ ಎಂದರೆ ಬೇರೆ ಯಾರೋ ಕೆಂಪು ಮುಖದವನು. ನಮ್ಮ ಅಣ್ಣ ನಮ್ಮ ಅಣ್ಣ. ಅಲ್ಲಿಯ ಜನಕ್ಕೆ ಅವನೇ ಪರದೇಶದ ಸೈನಿಕ ಎಂಬುದು ಹೊಳೆಯುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಅಣ್ಣನನ್ನು ಮಿಲಿಟರಿಗೆ ಸೇರಿಸಿದವರು ನಮ್ಮ ಓಣಿಯ ಸುಬೇದಾರ ಚಾಚಾ. ಅವರ ಮನೆತನ ನಮ್ಮಷ್ಟೇ ಹಳೆಯದು. ಅವರ ಅಜ್ಜ, ನಮ್ಮ ಅಜ್ಜ ಒಂದೇ ಗಾಡಿಯಲ್ಲಿ ಇಂಡಿ ಪಟ್ಟಣದ ಸಂತೆಗೆ ಹೋದವರು. ಮಿಲಿಟರಿಯಿಂದ ಬಂದ ಮೇಲೆ ಚಾಚಾ ಹಿಟ್ಟಿನ ಗಿರಣಿ ಹಾಕಿದ್ದರು. ಬೆಳಗಿನ ಜಾವ ಅಣ್ಣನನ್ನು ಕೆರೆ ದಂಡೆಗುಂಟ ಓಡಿಸಿ ತಯಾರು ಮಾಡಿದವರು ಅವರೇ. ನನಗೆ ಬಹುಮಾನ ಬಂದ ಸುದ್ದಿ ಕೇಳಿ ಗಿರಣಿ ಬಂದ್ ಮಾಡಿ, ಜೋಳದ ಚೀಲದ ಮೇಲೆ ಕೂತು, ಪೂರ್ತಿ ಭಾಷಣ ಮತ್ತೊಮ್ಮೆ ಹೇಳಿಸಿದರು.

"ಖರೆ ಹೇಳಿದಿ ಮಗಳ. ಎಲ್ಲಿ ರಕ್ತ ಬಿದ್ದೈತಿ, ಅಲ್ಲೇ ಕೇಳಬೇಕು," ಅಂದರು. ನಾನು ಆ ದಿನ ಮನೆಗೆ ಉಬ್ಬಿಕೊಂಡು ಬಂದೆ.

ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಅಣ್ಣನ ಫೋನ್ ಗಿರಣಿಗೇ ಬರುತ್ತಿತ್ತು. ಗಿರಣಿಯ ಸಪ್ಪಳದಲ್ಲಿ ಏನೂ ಕೇಳಿಸುವುದಿಲ್ಲವಾದ್ದರಿಂದ ಫೋನ್ ಬಂದ ಕೂಡಲೇ ಚಾಚಾ ಮಷೀನು ನಿಲ್ಲಿಸುತ್ತಿದ್ದರು. ಆ ಟುಕುಟುಕು ನಿಂತಿತೆಂದರೆ ಅವ್ವ ರೊಟ್ಟಿ ಹಂಚಿನ ಮೇಲೇ ಬಿಟ್ಟು ಓಡುತ್ತಿದ್ದಳು. ಕರೆಂಟು ಹೋದರೂ ಮಷೀನು ನಿಲ್ಲುತ್ತಿತ್ತು. ಆಗ ಹಿಟ್ಟಿನ ಕೈಯಲ್ಲೇ ಸಪ್ಪಗೆ ಮುಖ ಮಾಡಿಕೊಂಡು ವಾಪಸು ಬರುತ್ತಿದ್ದಳು, ನಾವು ನಗುತ್ತಿದ್ದೆವು.

ಚಳಿಗಾಲದಲ್ಲಿ ಆ ನಗೆ ನಿಂತಿತು. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು: ಅಣ್ಣ ಇದ್ದ ಆ ದೇಶದಲ್ಲಿ, ನಮ್ಮ ಪಡೆಯ ಬೇಲಿಯ ಹತ್ತಿರ, ಇದ್ದಿಲು ಮಾರುವ ಹೆಂಗಸೊಬ್ಬಳು ಗುಂಡಿಗೆ ಸತ್ತಿದ್ದಾಳೆ. ಕಾವಲಿಗಿದ್ದ ಮೂವರ ಮೇಲೆ ಶಂಕೆ. ಅವರನ್ನು ತಮಗೆ ಒಪ್ಪಿಸಬೇಕೆಂದು ಅಲ್ಲಿಯ ಜನ ರಸ್ತೆಗೆ ಇಳಿದಿದ್ದಾರೆ. ಹೆಸರುಗಳಿರಲಿಲ್ಲ. ಆದರೆ ಒಬ್ಬ ಬಿಜಾಪುರ ಜಿಲ್ಲೆಯವನು ಎಂದಿತ್ತು. ನಮಗೆ ಗೊತ್ತಿದ್ದಂತೆ ನಮ್ಮ ಜಿಲ್ಲೆಯಿಂದ ಅಲ್ಲಿಗೆ ಹೋದವನು ಒಬ್ಬನೇ.

ಅಪ್ಪ ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ನೌಕರಿ ಮಾಡುತ್ತಿದ್ದರು, ಶನಿವಾರ ಮನೆಗೆ ಬರುತ್ತಿದ್ದರು. ಆ ವಾರ ಬುಧವಾರವೇ ಬಂದು ಚಪ್ಪಲಿ ಸಹ ಬಿಡದೆ ಕಟ್ಟೆಯ ಮೇಲೆ ಕೂತರು. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದಾಗಿನಿಂದ ಸಿಂದಗಿಯವರೆಗೆ ಜನ ಅದೇ ಮಾತಾಡುತ್ತಿದ್ದರಂತೆ. ತಾನು ಅವನ ಅಪ್ಪ ಎಂದು ಹೇಳದೆ, ಕಿಟಕಿಯ ಕಡೆ ಮುಖ ಮಾಡಿ ಬಂದೆ ಎಂದರು. ಅಪ್ಪ ಅಂಜಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎಂಟು ದಿನದ ಮೇಲೆ ಅಣ್ಣನ ಪತ್ರ ಬಂತು. ನಮ್ಮ ದೇಶದ್ದೇ ಅಂಚೆ ಚೀಟಿ ಹಚ್ಚಿತ್ತು. ರಜೆಗೆ ಬಂದ ಯಾರೋ ಸಂಗಾತಿ ಇಲ್ಲಿ ತಂದು ಪೆಟ್ಟಿಗೆಗೆ ಹಾಕಿರಬೇಕು. ಮಧ್ಯಾಹ್ನ. ಅವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಅಂಗಳದಲ್ಲಿ ನಿಂತೇ ಒಡೆದು ಓದತೊಡಗಿದೆ.

"ಅವ್ವಗ ಹೇಳು, ನಾನು ಅರಾಮ ಇದ್ದೇನಿ. ಇಲ್ಲಿ ಒಬ್ಬ ಹೆಣ್ಣಮಗಳು ಸತ್ತಾಳ."

ಅವ್ವ ಮೊರ ಕೆಳಗಿಟ್ಟು ಎದ್ದಳು. ನಮ್ಮಲ್ಲಿ ಸಾವಿನ ಸುದ್ದಿಯ ಕಾಗದ ಹೊಸ್ತಿಲು ದಾಟುವಂತಿಲ್ಲ. ಹೊರಗೇ ಓದಬೇಕು, ಓದಿದವರೇ ಹರಿಯಬೇಕು, ಕಾಲು ತೊಳೆದು ಒಳಗೆ ಬರಬೇಕು. ಬೇರೆ ಪತ್ರಗಳೆಲ್ಲ ಬಾಗಿಲ ಹಿಂದಿನ ತಂತಿಗೆ ಚುಚ್ಚಿಕೊಂಡು ವರ್ಷಗಟ್ಟಲೆ ಇರುತ್ತವೆ. ಸಾವಿನದು ಒಂದು ಗಳಿಗೆಯೂ ಇರಬಾರದು.

"ಅಲ್ಲೇ ನಿಂತು ಓದು. ಒಳಗ ತರಬ್ಯಾಡ," ಅಂದಳು.

ನಾನು ಮುಂದೆ ಓದಿದೆ, ಆದರೆ ಬಾಯಿಯಿಂದಲ್ಲ. ಅದಕ್ಕೂ ಹಿಂದಿನ ವಾರ ಯಾರೋ ಬೇಲಿಯ ತಂತಿ ಕತ್ತರಿಸಿ ಒಳಗೆ ನುಗ್ಗಿದ್ದರಂತೆ. ಆ ಸಂಜೆ ಬೇಲಿಯ ಬದಿಗೆ ಚೀಲ ಹೊತ್ತ ಆಕೃತಿ ಕಂಡಿತಂತೆ. ಮೂವರೂ ಗುಂಡು ಹಾರಿಸಿದರಂತೆ. ಅದರ ಕೆಳಗೆ ಅಣ್ಣ ಬರೆದಿದ್ದ: "ಯಾರ ಗುಂಡು ಬಡೀತು ಅಂತ ವಿಚಾರಣಿಯೊಳಗ ಕೇಳಿದ್ರು. ಗೊತ್ತಿಲ್ಲ ಅಂದೇನಿ. ನನಗ ಗೊತ್ತೈತಿ ತಂಗಿ, ಅದು ನಂದು. ಹೇಳಾಕ ಅಂಜಿಕಿ ಆಗೇತಿ."

ಅದರ ಕೆಳಗೆ ಆ ಹೆಂಗಸಿನ ಹೆಸರಿತ್ತು. ನಮ್ಮ ನಾಲಿಗೆಗೆ ಒಗ್ಗದ ಹೆಸರನ್ನು ಕನ್ನಡ ಅಕ್ಷರದಲ್ಲಿ ದುಂಡಗೆ, ಬಿಡಿಸಿ ಬಿಡಿಸಿ ಬರೆದಿದ್ದ. ಮಹಾನವಮಿ ಹಬ್ಬದ ಮುಂಚಿನ ಅಮಾವಾಸ್ಯೆಗೆ ಅವ್ವ ನಮ್ಮ ಹಿರಿಯರಿಗೆ ಎಡೆ ಇಡುವಾಗ ಇವಳ ಹೆಸರಿನಲ್ಲೂ ಒಂದು ಎಡೆ ಇಡಲಿ, ಇದೊಂದನ್ನು ತಪ್ಪದೆ ಅವ್ವನಿಗೆ ಹೇಳು ಎಂದಿತ್ತು.

"ಏನ್ ಬರದಾನ? ಜೋರಾಗಿ ಓದು," ಅಂದಳು ಅವ್ವ.

ಎಂಟು ನಿಮಿಷ ನಿಲ್ಲದೆ ಮಾತಾಡಿದವಳು ಸುತ್ತ ನೋಡಿದೆ. ಪಕ್ಕದ ಮನೆಯ ಕಿಟಕಿ ತೆರೆದಿತ್ತು. ಓಣಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದ್ದರು. ಈ ಸಾಲು ನನ್ನ ಬಾಯಿಂದ ಹೊರಬಿದ್ದರೆ ಅಣ್ಣನನ್ನು ನಾನೇ ಒಪ್ಪಿಸಿದ ಹಾಗೆ ಅನಿಸಿತು. "ಅವನ ಮೇಲೆ ಸುಳ್ಳೇ ಸಂಶಯ ಮಾಡ್ಯಾರಂತ, ಊಟ ಬರೊಬ್ಬರಿ ಮಾಡಾಕತ್ತಾನಂತ," ಎಂದು ಬಾಯಿಗೆ ಬಂದದ್ದನ್ನು ಓದಿದೆ. ಅವ್ವ ಕಣ್ಣೊರೆಸಿಕೊಂಡು ಕಾಗದ ಇಸಿದುಕೊಂಡಳು. ಓದಿದವಳು ನಾನಾದರೂ ತಾನೇ ಹರಿದಳು, ಚೂರು ಚೂರು ಮಾಡಿ ಬಚ್ಚಲ ನೀರು ಹರಿಯುವಲ್ಲಿ ಹಾಕಿ, ಮೇಲೆ ಒಂದು ತಂಬಿಗೆ ನೀರು ಹೊಯ್ದಳು. ನನಗೆ ಬಹುಮಾನ ಬಂದ ತಂಬಿಗೆಯೇ ಅದು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಅಂಚೆಯವನ ಖಾಕಿ, ಕಂಡಕ್ಟರನ ಖಾಕಿ, ಯಾವ ಖಾಕಿ ಕಂಡರೂ ಮುಖ ತಿರುಗಿಸುತ್ತಿದ್ದೆ. ಗಿರಣಿ ನಿಂತರೆ ಈಗ ಅವ್ವ ಓಡುತ್ತಿರಲಿಲ್ಲ. ನಾವಿಬ್ಬರೂ ಇದ್ದಲ್ಲೇ ನಿಂತು, ಕರೆಂಟು ಹೋಗಿರಲಪ್ಪ ಎಂದು ಬೇಡಿಕೊಂಡು ದೀಪದ ಗುಂಡಿ ಒತ್ತಿ ನೋಡುತ್ತಿದ್ದೆವು. ದೀಪ ಹತ್ತದಿದ್ದರೆ ಉಸಿರು ಬರುತ್ತಿತ್ತು.

ಹೊರಗೆ ಚರ್ಚೆ ಜೋರಾಯಿತು. ಸಿಂದಗಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಪತ್ರಿಕೆಯ ವಾಚಕರ ಪತ್ರಗಳಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ ಅದೇ ಮಾತು. ನಮ್ಮ ಹುಡುಗರ ಮೈ ಮುಟ್ಟಲು ಅವರು ಯಾರು ಎನ್ನುವವರೇ ಹೆಚ್ಚು. ಮೂರು ತಿಂಗಳ ಹಿಂದೆ ನನ್ನ ಭಾಷಣಕ್ಕೆ ಚಪ್ಪಾಳೆ ತಟ್ಟಿದ ಕೈಗಳೇ ಈಗ ಟೇಬಲ್ ಗುದ್ದುತ್ತಿದ್ದವು. ಗೆಳತಿಯೊಬ್ಬಳು, ಈಗ ಆ ಭಾಷಣ ಇನ್ನೊಮ್ಮೆ ಮಾಡು ನೋಡೋಣ ಎಂದು ನಕ್ಕಳು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೂ ಅವಳೊಡನೆ ಒಂದು ವಾರ ಮಾತು ಬಿಟ್ಟೆ.

ಒಬ್ಬರು ಮಾತ್ರ ಮಾತು ಬದಲಿಸಲಿಲ್ಲ. ಹೋಟೆಲಿನಲ್ಲಿ ಎಲ್ಲರೆದುರು ಚಾಚಾ, ಆ ಹುಡುಗ ನನ್ನ ಕೈಯಾಗ ಬೆಳದಾನ, ಆದರೂ ವಿಚಾರಣೆ ಅಲ್ಲೇ ಆಗಲಿ, ಸತ್ತವಳ ಮನೆಯವರು ಕೂತು ಕೇಳುವಂತೆ ಆಗಲಿ, ತಪ್ಪಿಲ್ಲದಿದ್ದರೆ ಅವನು ತಲೆ ಎತ್ತಿ ಬರುತ್ತಾನೆ ಎಂದರಂತೆ. ಹೋಟೆಲು ಎದ್ದು ನಿಂತಿತು. ಒಬ್ಬಿಬ್ಬರು ಅವರ ಜಾತಿ ಹಿಡಿದು ಆಡಬಾರದ ಮಾತನ್ನೂ ಆಡಿದರು. ಇಪ್ಪತ್ತು ವರ್ಷ ಗಡಿ ಕಾಯ್ದ ಮನುಷ್ಯ ಚಹಾದ ಕಪ್ಪು ಕೆಳಗಿಟ್ಟು ಎದ್ದು ಬಂದರಂತೆ. ಮರುದಿನದಿಂದ ಅರ್ಧ ಊರಿನ ಜೋಳ ಬೇರೆ ಗಿರಣಿಗೆ ಹೋಯಿತು. ನಮ್ಮ ಮನೆಯದೂ ಹೋಯಿತು. ಅವ್ವನ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಆದರೆ ಚಾಚಾ ಆಡಿದ್ದು ನನ್ನದೇ ಮಾತು. ಚೀಲ ಹೊತ್ತು ಅವರ ಗಿರಣಿಯ ಮುಂದೆಯೇ ಹಾದು ಇನ್ನೊಂದು ಗಿರಣಿಗೆ ಹೋದವಳು ನಾನು. ತಲೆ ತಗ್ಗಿಸಿ ಹೋದೆ.

ಆದರೂ ಫೋನ್ ಇದ್ದದ್ದು ಅಲ್ಲೇ, ಅವರನ್ನು ಪೂರ್ತಿ ಬಿಡುವಂತಿರಲಿಲ್ಲ. ಒಂದು ದಿನ ಚಾಚಾನೇ ಬಂದು ಅಂಗಳದಲ್ಲಿ ನಿಂತರು. ಕೂಡ್ರಿ ಎಂದು ಅವ್ವ ಹೇಳಲಿಲ್ಲ. ಅಣ್ಣನ ಕಡೆಯಿಂದ ಏನಾದರೂ ಪತ್ರ ಬಂದಿದ್ದರೆ ಜೋಪಾನವಾಗಿ ಇಡಿ, ವಿಚಾರಣೆಯಲ್ಲಿ ಉಪಯೋಗಕ್ಕೆ ಬಂದೀತು ಎಂದರು. ಸಾವಿನ ಸುದ್ದಿ ಇತ್ತು, ಹರಿದೆ ಎಂದಳು ಅವ್ವ. ಚಾಚಾ ನನ್ನ ಕಡೆ ತಿರುಗಿದರು.

"ಓದಿದಾಕಿ ನೀನಲ್ಲ ಮಗಳ? ಅದರಾಗ ಏನಿತ್ತು?"

"ಏನೂ ಇರ್ಲಿಲ್ಲರಿ ಚಾಚಾ."

ಅವರು ನನ್ನ ಮುಖ ನೋಡಿದರು. ಮೂವತ್ತು ಜನರ ತುಕಡಿ ನೋಡಿಕೊಂಡ ಮನುಷ್ಯನಿಗೆ ಸುಳ್ಳು ಗೊತ್ತಾಗದೆ ಇರುತ್ತದೆಯೇ? ಮತ್ತೇನೂ ಕೇಳದೆ ಹೋದರು. ಅವರು ಯಾರಿಗಾದರೂ ಹೇಳಿಬಿಟ್ಟಾರು ಎಂದು ನಾನು ಆಮೇಲೆ ಎಷ್ಟೋ ದಿನ ಅಂಜಿದೆ. ಅವರು ಹೇಳಲಿಲ್ಲ.

ವಿಚಾರಣೆಯಲ್ಲಿ ಯಾರ ಗುಂಡು ಎಂದು ಗೊತ್ತುಪಡಿಸಲು ಆಗಲಿಲ್ಲವಂತೆ. ಮಳೆಗಾಲದಲ್ಲಿ ಮೂವರನ್ನೂ ದೇಶಕ್ಕೆ ಕಳಿಸಿದರು. ಅಣ್ಣ ರಜೆಯ ಮೇಲೆ ಬಂದದ್ದು ಮಹಾನವಮಿ ಅಮಾವಾಸ್ಯೆಗೆ ಎರಡು ದಿನ ಮುಂಚೆ. ಸಿಂದಗಿ ಬಸ್‌ಸ್ಟ್ಯಾಂಡಿಗೆ ಜನ ಮಾಲೆ ತಂದಿದ್ದರು. ಹಾಕಲು ಬಂದವರಿಗೆ ಅವನು ಕೊರಳು ಬಗ್ಗಿಸಲಿಲ್ಲ, ಮಾಲೆ ಕೈಯಲ್ಲಿ ಇಸಿದುಕೊಂಡು ಬ್ಯಾಗಿನಲ್ಲಿ ತುರುಕಿದ. ಮಗ ದಣಿದಿದ್ದಾನೆ ಎಂದು ಅಪ್ಪ ಎಲ್ಲರಿಗೂ ಸಮಜಾಯಿಷಿ ಹೇಳಿದರು. ಎರಡು ದಿನ ನಾನು ಅವನ ಎದುರಿಗೆ ಒಂಟಿಯಾಗಿ ಸಿಗದ ಹಾಗೆ ತಿರುಗಿದೆ.

ಅಮಾವಾಸ್ಯೆಯ ಮಧ್ಯಾಹ್ನ ಅವ್ವ ಹೋಳಿಗೆ, ಪಲ್ಯ, ಕೋಸಂಬರಿ, ಅನ್ನ, ಸಾರು ಮಾಡಿ ಗೋಡೆಗುಂಟ ಎಡೆ ಹಾಕಿದಳು. ಅಜ್ಜನಿಗೊಂದು, ಅಜ್ಜಿಗೊಂದು, ಸಣ್ಣವನಿದ್ದಾಗ ತೀರಿಕೊಂಡ ಕಾಕಾನಿಗೊಂದು. ಅಣ್ಣ ಸ್ನಾನ ಮಾಡಿ ಬಂದು ನಿಂತು ಎಡೆಗಳನ್ನು ನೋಡಿದ.

"ಅಕಿದು ಎಲ್ಲೈತಿಬೇ?"

"ಯಾರದೋ?" ಅಂದಳು ಅವ್ವ.

ಅಣ್ಣ ನನ್ನ ಕಡೆ ನೋಡಿದ. ಗೋಡೆಯೊಳಗೆ ಹೊಕ್ಕುಬಿಡಲೇ ಅನಿಸಿತು ನನಗೆ. ಅವನು ಬೈಯಲಿಲ್ಲ. ಕಣ್ಣಲ್ಲಿ ಒಂದು ತಿಳಿವಳಿಕೆ ಮೂಡಿತು, ಅಷ್ಟೇ. ಗೊತ್ತಿಲ್ಲ ಎಂದವನು ಅವನು, ಏನೂ ಇರಲಿಲ್ಲ ಎಂದವಳು ನಾನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅವನು ಅವ್ವನ ಕಡೆ ತಿರುಗಿದ.

"ನನ್ನ ಗುಂಡಿಗೆ ಸತ್ತಾಕಿದು, ಅವ್ವ."

ಅಪ್ಪ ಎದ್ದು ಹೋಗಿ ಬಾಗಿಲು ಹಾಕಿದರು. ಅವ್ವ ಇದ್ದಲ್ಲೇ ಕುಸಿದು ಕೂತಳು, ಎರಡೂ ಕೈ ನೆಲಕ್ಕೆ ಊರಿ. ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟತೊಡಗಿತು. ಅವಳು ಕಿರುಚಬಹುದು, ಎದೆ ಬಡಿದುಕೊಳ್ಳಬಹುದು, ಓಣಿಗೆಲ್ಲ ಕೇಳಬಹುದು ಎಂದು ನಾನು ಅಂಜುತ್ತ ನಿಂತಿದ್ದೆ. ಅವಳು ಎದ್ದು ಅಡುಗೆಮನೆಗೆ ಹೋಗಿ ಇನ್ನೊಂದು ತಾಟು ತಂದಳು. ಹೋಳಿಗೆ ಇಟ್ಟಳು, ಪಲ್ಯ ಇಟ್ಟಳು, ಅನ್ನ ಬಡಿಸಿದಳು.

"ಹೆಸರೇನಂದಿ?"

ಅಣ್ಣ ಹೇಳಿದ. ಅವ್ವನ ಬಾಯಲ್ಲಿ ಅದು ಹೊರಳಲಿಲ್ಲ. ಎರಡು ಸಲ ತಪ್ಪಿದಳು, ಅವನು ಎರಡು ಸಲ ತಿದ್ದಿದ. ಮೂರನೆಯ ಸಲ ಸರಿಯಾಗಿ ಹೇಳಿ ತಾಟಿನ ಸುತ್ತ ನೀರು ಬಿಟ್ಟಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಮಕ್ಕಳಿದ್ದೂವೇನೋ ಅಕಿಗೆ?"

"ಇದ್ದೂವಂತ, ಅವ್ವ."

ಮರುದಿನ ಅವ್ವ ತಾನೇ ಜೋಳದ ಬುಟ್ಟಿ ಹೊತ್ತು ಚಾಚಾನ ಗಿರಣಿಗೆ ಹೋದಳು. ಅಲ್ಲಿ ಏನು ಮಾತಾದವೋ, ಬಂದು ನಮಗೆ ಹೇಳಲಿಲ್ಲ. ಅವ್ವ ಬದುಕಿರುವವರೆಗೆ ಪ್ರತಿ ವರ್ಷ ಆ ಅಮಾವಾಸ್ಯೆಗೆ ನಾಲ್ಕು ಎಡೆ ಇಟ್ಟಳು. ಕೇಳಿದ ನೆಂಟರಿಗೆ, ನಮ್ಮ ಕಡೆಯ ಒಬ್ಬ ಹೆಣ್ಣುಮಗಳದು ಎನ್ನುತ್ತಿದ್ದಳು.

ಈಗ ಎಡೆ ಇಡುವವಳು ನಾನು. ಹೆಸರು ಹೇಳುವಾಗ ಈಗಲೂ ಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡುತ್ತೇನೆ. ಮುಖವನ್ನೇ ನೋಡದ ಹುಡುಗಿಯೊಬ್ಬಳಿಗಾಗಿ ಎಂಟು ನಿಮಿಷ ಮಾತಾಡಿ ತಂಬಿಗೆ ಗೆದ್ದವಳು, ಅಂಗಳದಲ್ಲಿ ನಿಂತು ಒಂದು ಹೆಸರನ್ನು ಗಟ್ಟಿಯಾಗಿ ಓದಲಿಲ್ಲ. ಆ ಹೆಸರನ್ನು ಇಲ್ಲಿಯಾದರೂ ಬರೆದುಬಿಡಬೇಕೆಂದೇ ಇದನ್ನು ಬರೆಯಲು ಕೂತೆ. ಅಣ್ಣ ಊರಲ್ಲೇ ಇದ್ದಾನೆ, ಅವನ ಮಕ್ಕಳು ಓದು ಬಲ್ಲವರು. ಇಲ್ಲಿಯವರೆಗೆ ಬಂದು, ಅಂದು ಅಂಗಳದಲ್ಲಿ ಬಾಯಿ ನಿಂತ ಹಾಗೆ, ಆ ಹೆಸರಿನ ಮುಂದೆ ನನ್ನ ಕೈ ನಿಂತಿದೆ.