ಮುಳುಗದ ಹುಣಸೆ ಬೇರು

ಮರ ನೀರಿನಲ್ಲಿ ತೇಲುತ್ತದೆ ಅನ್ನುವುದು ಯಾರಿಗೆ ಗೊತ್ತಿಲ್ಲ? ನನ್ನ ತಮ್ಮನಿಗೆ ಅದನ್ನು ಮುಳುಗಿಸಬೇಕಿತ್ತು. ಗುಂಡ್ಲುಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ, ಅವನ ಮಂಚದ ಎದುರಿಗೆ, ಟಿವಿ ಇಡಬೇಕಾದ ಜಾಗದಲ್ಲಿ ಗಾಜಿನ ಮೀನಿನ ತೊಟ್ಟಿ ಇತ್ತು. ಅದರ ತಳದಲ್ಲೊಂದು ಬೇರು ಮಲಗಿರಬೇಕು, ಅದರ ಸಂದಿಯಲ್ಲಿ ಮೀನು ನುಸುಳುವುದನ್ನು ತಾನು ನೋಡಬೇಕು ಎಂದು ಹಟ ಹಿಡಿದ. ಎರಡೂ ಕಿಡ್ನಿ ಕೈಕೊಟ್ಟು ಮಲಗಿದವನು ನನ್ನನ್ನು ಕೇಳಿದ್ದು ಅದೊಂದನ್ನೇ.

ವಾರಕ್ಕೆ ಮೂರು ಸಲ ಅವನನ್ನು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಹಾಗಾಗಿ ರಜೆ ಕೇಳುವ ಗೋಳಿರಲಿಲ್ಲ. ಉಳಿದ ದಿನಗಳಲ್ಲಿ ನನ್ನ ಕೆಲಸ ಅವನ ನೀರು ಕಾಯುವುದು. ಒಂದು ದಿನಕ್ಕೆ ಇಷ್ಟೇ ಎಂದು ಡಾಕ್ಟರು ಹೇಳಿದ್ದನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿ ಇಡುತ್ತಿದ್ದೆ. ಮಾತ್ರೆಗೂ ಅದೇ, ಕಾಫಿಗೂ ಅದೇ. ಬಾಳೆಹಣ್ಣು ಕೂಡದು, ಎಳನೀರಂತೂ ಕೂಡಲೇ ಕೂಡದು. ಅದರಲ್ಲಿರುವ ಪೊಟ್ಯಾಸಿಯಂ ಹೊರಗೆ ಹಾಕಲು ಇವನಿಗೆ ಕಿಡ್ನಿ ಇಲ್ಲ, ಹೃದಯ ನಿಂತುಹೋಗುತ್ತದೆ ಎಂದು ಡಾಕ್ಟರು ಅವ್ವನೂ ಸೇರಿ ನಮ್ಮ ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ತಮ್ಮ ನನ್ನನ್ನು ಜೈಲರ್ ಎಂದು ಕರೆಯತೊಡಗಿದ. ಕರೆಯಲಿ, ಬದುಕಿದ್ದರೆ ಸಾಕು ಅಂದುಕೊಂಡೆ.

ಬೇರು ಸಿಕ್ಕಿದ್ದು ತೆರಕಣಾಂಬಿ ಹತ್ತಿರದ ಒಂದು ಹಳ್ಳದಲ್ಲಿ. ಯಾವತ್ತೋ ಬಿದ್ದ ಹುಣಸೆ ಮರದ್ದು. ಮಳೆಗೆ ತೊಳೆದು, ಬಿಸಿಲಿಗೆ ಬೆಳ್ಳಗಾಗಿ, ಬಡಿದರೆ ಟಣ್ ಎನ್ನುವಷ್ಟು ಒಣಗಿತ್ತು. ಬಂಡೀಪುರದ ಕಡೆಯಿಂದ ತಂದಿದ್ದರೆ ಇನ್ನೂ ಚೆನ್ನಾಗಿರುವುದು ಸಿಗುತ್ತಿತ್ತು, ಜೊತೆಗೆ ಒಂದು ಕೇಸೂ ಸಿಗುತ್ತಿತ್ತು. ತಂದದ್ದನ್ನು ಅವನು ಮಂಚದ ಮೇಲೇ ತಿರುಗಿಸಿ ತಿರುಗಿಸಿ ನೋಡಿ, ಉಗುರಿನಿಂದ ಕೆರೆದು, ಮೆತ್ತಗಾದ ಕಡೆಯೆಲ್ಲ ಚಾಕುವಿನಿಂದ ತೆಗೆಸಿದ. ಬ್ರಷ್ಷಿನಲ್ಲಿ ಉಜ್ಜಬೇಕು, ಆದರೆ ಸೋಪು ತಾಗಿಸಬಾರದು. ಮರ ಸೋಪು ಕುಡಿದರೆ ಆಮೇಲೆ ಮೀನಿನ ನೀರಿಗೆ ಬಿಡುತ್ತದಂತೆ.

ಆಮೇಲೆ ಕುದಿಸಬೇಕು. ಅಷ್ಟು ದೊಡ್ಡ ಬೇರು ಹಿಡಿಯುವ ಪಾತ್ರೆ ನಮ್ಮ ಮನೆಯಲ್ಲಿದ್ದದ್ದು ಬಚ್ಚಲ ಹಂಡೆ ಒಂದೇ.

"ನೀರ್ ಉಯ್ಕೊಳೋ ಅಂಡೇಲಿ ಸೌದೆ ಬೇಯ್ಸ್ತಾರಾ? ಒಲೆ ಒಳಗ್ ಇರ್ಬೇಕಾದ್ದು ಒಲೆ ಮೇಲೈತೆ," ಎಂದು ಅವ್ವ ಗೊಣಗಿದಳು. ಗೊಣಗುತ್ತಲೇ ಉರಿ ಹಾಕಿದಳು.

ನೀರು ಕಡುಗಂದು ಬಣ್ಣಕ್ಕೆ ತಿರುಗಿತು. ಚೆಲ್ಲಿ ಹೊಸ ನೀರು ಹಾಕಿದರೆ ಅದೂ ಹಾಗೇ. ಬಣ್ಣ ತಿಳಿಯಾಗುವ ತನಕ ಬಿಡಬಾರದು ಎಂದಿದ್ದ. ಹೇಗಿದೆ ನೋಡು ಎಂದು ಒಂದು ಚೊಂಬಿನಲ್ಲಿ ತೋರಿಸಲು ಹೋದೆ.

"ಟೀ ಕಂಡಂಗದೆ ಕಣಕ್ಕ," ಎಂದ. "ಒಂದ್ ಲೋಟ ಬುಡು, ಯಾರ್ಗೂ ಏಳಕ್ಕಿಲ್ಲ."

ನಗಿಸಲು ಹೇಳಿದ್ದು. ಆದರೆ ಅವನ ತುಟಿ ಒಡೆದು ಸಿಪ್ಪೆ ಎದ್ದಿತ್ತು, ಕಣ್ಣು ಚೊಂಬನ್ನು ಬಿಟ್ಟು ಕದಲಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದೆ ಹಂಡೆಯ ಮೇಲೆ ತೀರಿಸಿಕೊಂಡೆ.

ಕುದಿಸಿದ ಬೇರನ್ನು ಹಿತ್ತಿಲಿನಲ್ಲಿ ಟಬ್ಬಿಗೆ ಹಾಕಿ, ಮೇಲೆ ಗುಂಡುಕಲ್ಲು ಹೇರಿ ನೆನೆಯಲು ಬಿಟ್ಟೆವು. ದಿನಾ ನೀರು ಬದಲಾಯಿಸುವುದು ಅವ್ವನ ಪಾಲಿಗೆ ಬಂತು. ಕಲ್ಲು ತೆಗೆದರೆ ಸಾಕು, ಬೇರು ಮೇಲೆ ಬರುತ್ತಿತ್ತು. ಇನ್ನೂ ನೆನೆಯಲಿ ಎಂದರೆ ತಮ್ಮನಿಗೆ ತಾಳ್ಮೆ ಇಲ್ಲ. ತೊಟ್ಟಿಯ ಎರಡು ಗೋಡೆಗೆ ಆನಿಸಿ ಬಿಗಿಯಾಗಿ ಸಿಕ್ಕಿಸೋಣ ಎಂದೆ. ಮರ ಉಬ್ಬಿದರೆ ಗಾಜು ಬಿರಿಯುತ್ತದೆ ಎಂದ. ಕರಿಕಲ್ಲಿನ ಒಂದು ತುಂಡಿಗೆ ತೂತು ಹಾಕಿಸಿ, ಕೆಳಗಿನಿಂದ ಬೇರಿಗೆ ಸ್ಕ್ರೂ ತಿರುಗಿಸಿ, ಕಲ್ಲನ್ನು ಮರಳಿನಲ್ಲಿ ಹೂತರೆ ಅದು ಎಲ್ಲಿಗೂ ಏಳುವುದಿಲ್ಲವಂತೆ. ಸ್ಕ್ರೂ ಸ್ಟೀಲಿನದೇ ಆಗಬೇಕು, ಕಬ್ಬಿಣದ್ದು ತುಕ್ಕು ಬಿಡುತ್ತದೆ.

ಚಾಮರಾಜನಗರದಲ್ಲಿ ಕರಿಕಲ್ಲಿಗೇನು ಬರ? ಡಯಾಲಿಸಿಸ್ ಇಲ್ಲದ ಒಂದು ಸೋಮವಾರ ನಾನೊಬ್ಬಳೇ ಹೋಗಿ, ಕಲ್ಲು ಪಾಲಿಶ್ ಮಾಡುವ ಕಡೆ ಒಂದು ತುಂಡು ಆರಿಸಿ, ತೂತು ಹಾಕಿಸಿಕೊಂಡೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಬರುವಾಗ, ಬಸ್ಸು ತೆರಕಣಾಂಬಿ ದಾಟುತ್ತಿದ್ದಂತೆ ಅವ್ವನ ಫೋನು ಬಂತು.

"ಬಿರ್ರನೆ ಬಾ. ಕರುದ್ರೂ ಓಗೊಡ್ತಿಲ್ಲ ಮಗ."

ನಾನು ಮನೆ ಮುಟ್ಟುವಷ್ಟರಲ್ಲಿ ಅಕ್ಕಪಕ್ಕದವರು ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದು, ಮುಗಿದಿದೆ ಎನಿಸಿಕೊಂಡು ವಾಪಸು ತಂದಿದ್ದರು. ಮಂಚದ ಕೆಳಗೆ ಕೊಚ್ಚಿದ ಎಳನೀರಿನ ಎರಡು ಬುರುಡೆಗಳಿದ್ದವು. ಭೀಮನಬೀಡಿನಿಂದ ಬಂದಿದ್ದ ನಮ್ಮ ಸೋದರತ್ತೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಬರುವುದಿಲ್ಲ. ಎಳನೀರು ತರುತ್ತಾರೆ, ತಂಪು ಅಂತ. ತಂದವರನ್ನೆಲ್ಲ ನಾನು ಬಾಗಿಲಲ್ಲೇ ತಡೆದು ಕಾಯಿ ಈಸಿಕೊಂಡು ಒಳಗೆ ಬಚ್ಚಿಡುತ್ತಿದ್ದೆ. ಸೊಂಟ ಹಿಡಿದು ಬಿದ್ದಿದ್ದ ಅತ್ತೆ ಅವತ್ತೇ ಮೊದಲ ಸಲ ಎದ್ದು ಬಂದದ್ದು. ತನ್ನ ಮರದ್ದೇ ಎಳನೀರು ಕೀಳಿಸಿಕೊಂಡು ಬಂದಿದ್ದಳು. ಅವ್ವ ಹಿತ್ತಿಲಿನಲ್ಲಿ ಬೇರಿನ ನೀರು ಬದಲಾಯಿಸುತ್ತಿದ್ದಳು.

"ಮೊದ್ಲು ಬ್ಯಾಡ ಅತ್ತೆ ಅಂದ ಕಣಮ್ಮಿ," ಎಂದಳು ಅತ್ತೆ. "ಬಾಯ್ಗೆ ಇಡುದ್ಮೇಲೆ ಒಂದೇ ಗುಟುಕ್ಗೆ ಕುಡ್ದ. ಇನ್ನೊಂದ್ ಕೊಚ್ಚು ಅಂತ ಅವ್ನೇ ಕೇಳ್ದ."

ಅವನಿಗೆ ಗೊತ್ತಿತ್ತು. ಡಾಕ್ಟರು ಹೇಳುವಾಗ ಅವನೂ ಅಲ್ಲೇ ಕೂತಿದ್ದನಲ್ಲ. ಸಾಯಬೇಕೆಂದು ಕುಡಿದನೋ, ಬಾಯಾರಿಕೆ ತಾಳಲಾರದೆ ಕುಡಿದನೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಹೆಣ ಎತ್ತುವ ಮೊದಲು ಬಂದವರೆಲ್ಲ ಒಬ್ಬೊಬ್ಬರಾಗಿ ಅವನ ಬಾಯಿಗೆ ನೀರು ಬಿಟ್ಟರು. ಅಳತೆ ಇಲ್ಲ, ಲೆಕ್ಕ ಇಲ್ಲ. ಕಟಬಾಯಿಯಲ್ಲಿ ಹರಿದು ದಿಂಬು ನೆಂದಿತು. ನನ್ನ ಸರದಿ ಬಂದಾಗ ಕೈ ಏಳಲಿಲ್ಲ, ಯಾರೋ ಮಣಿಕಟ್ಟು ಹಿಡಿದು ಬಿಡಿಸಿದರು. ಸಾವಿನ ಮನೆಯ ನೀರು ಉಳಿಯಬಾರದೆಂದು ಹೆಂಗಸರು ಕೊಡ, ಬಕೆಟ್ಟು, ಹಂಡೆ ಎಲ್ಲವನ್ನೂ ಬರಿದು ಮಾಡಿದರು, ಬೇರಿನ ಟಬ್ಬನ್ನೂ ಕವುಚಿದರು. ಮೀನಿನ ತೊಟ್ಟಿಗೆ ಕೈ ಹಾಕಲು ಬಂದಾಗ ನಾನು ಅಡ್ಡ ನಿಂತು ಬಾಯಿಗೆ ಬಂದಂತೆ ಬೈದೆ. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಬಿಟ್ಟುಬಿಟ್ಟರು.

ತಿಥಿ ಮುಗಿದ ಮಾರನೆಯ ದಿನ ಬೇರು ಹುಡುಕಿ ತಂದೆ. ಒಣಗಿ ಮತ್ತೆ ಹಗುರಾಗಿತ್ತು. ಪುನಃ ಕುದಿಸಿ, ಕಲ್ಲಿನ ತೂತಿಗೆ ಸ್ಕ್ರೂ ಇಳಿಸಿದೆ. ಒಬ್ಬರು ಬಿಗಿಯಾಗಿ ಹಿಡಿಯದಿದ್ದರೆ ಅದು ತಿರುಗಿಬಿಡುತ್ತದೆ. ಅತ್ತೆ ಇನ್ನೂ ಊರಿಗೆ ಹೋಗಿರಲಿಲ್ಲ. ಎದುರಿಗೆ ಕುಕ್ಕರಗಾಲಲ್ಲಿ ಕೂತು ಬೇರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನನ್ ಕೈಯಾರ ಎರ್ಡ್ ಎಳ್ನೀರ್ ಕುಡ್ಸುದ್ನಲ್ಲ, ಅದೊಂದೇ ಸಮಾಧಾನ ಕಣಮ್ಮಿ," ಎಂದಳು. "ಇಲ್ದಿದ್ರೆ ಬಾಯಾರ್ಕಂಡೇ ಓಗ್ಬುಡೋನು."

ಅಡುಗೆಮನೆ ಬಾಗಿಲಲ್ಲಿದ್ದ ಅವ್ವ ನನ್ನ ಮುಖ ನೋಡಿದಳು. ನಾಲಗೆಯ ತುದಿಗೆ ಬಂದದ್ದನ್ನು ಆಡಿಬಿಡಬೇಕು ಅನ್ನಿಸಿತು. ಅತ್ತೆಗೆ ಮಕ್ಕಳಿಲ್ಲ. ಅವನಿಗೆ ಮೊದಲ ತುತ್ತು ತಿನ್ನಿಸಿದವಳೂ ಅವಳೇ.

"ಗಟ್ಟಿಯಾಗ್ ಇಡ್ಕೊ ಅತ್ತೆ," ಎಂದು ಸ್ಕ್ರೂ ತಿರುಗಿಸಿದೆ.

ಬೇರು ಮುಳುಗಿತು. ಒಂದು ಮೀನು ಆವತ್ತೇ ಅದರ ಸಂದಿಗೆ ಹೋಗಿ ಕೂತಿತು. ನೋಡಲು ಮಂಚದಲ್ಲಿ ಯಾರೂ ಇರಲಿಲ್ಲ.

ನಾನೂ ಅವ್ವನೂ ಇಳಿದುಹೋಗಿದ್ದೇವೆಂದು ಅತ್ತೆ ಈಗಲೂ ಆಗಾಗ ಸೊಂಟ ಹಿಡಿದುಕೊಂಡೇ ಬಸ್ಸು ಹತ್ತಿ ಬರುತ್ತಾಳೆ, ಎಳನೀರು ತರುತ್ತಾಳೆ. ಹೋದ ವಾರವೂ ತಂದಿದ್ದಳು. ತಾನೇ ಕೊಚ್ಚಿ ನಮ್ಮಿಬ್ಬರ ಕೈಗೆ ಕೊಟ್ಟು, ಮುಗಿಯುವ ತನಕ ಎದುರಿಗೇ ಕೂತಳು. ಕುಡಿಯದಿದ್ದರೆ ಯಾಕೆಂದು ಕೇಳುತ್ತಾಳೆ. ಕುಡಿದೆವು.